ಕೂಸು ಹುಟ್ಟುವ ಮುಂಚೆ ಮನೆ

“ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು” ಎಂದು ಹಿರಿಯರು ಗಾದೆ ಕಟ್ಟಿದರು. ಮದುವೆಗಿಂತ ಮನೆಯನ್ನು ಅವರು ಮೊದಲಿಟ್ಟಿರುವುದನ್ನು ವಾಚಕರು ಗಮನಿಸಬೇಕು. ಈಗಿನ ಕಾಲದಲ್ಲಿ ಈ ಕ್ರಮ ತಿರುಗುಮುರುಗಾಗಿದೆ. ಮೊದಲು ಮದುವೆ, ಆಮೇಲೆ ಒಂದು ಬಾಡಿಗೆ ಖೋಲಿ, ಹುಡುಗಿಗೆ ಹುಳಿಯ ಬಯಕೆ ಹತ್ತಿದ ಮೇಲೆ ಮನೆಯ ಚಿಂತೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದವರನ್ನು ಕಂಡು ನಗುವ ರೂಢಿ ನಮ್ಮಲ್ಲಿದೆ. ಆದರೆ ಕೂಸು ಹುಟ್ಟುವ ಮುಂಚೆ ಮನೆ ಹುಡುಕಿಕೊಂಡು ಬಿಸಿಲಲ್ಲಿ ಅಲೆಯುವವರನ್ನು ಕಂಡರೆ ಯಾರಿಗೂ ನಗು ಬರಲಾರದು.

ನಾವೆಂದರೆ ನಾರಾಯಣಗೂಡದ ಒಂದು ಓಣಿಯಲ್ಲಿ ನಲವತ್ತು ವರ್ಷ ಕಳೆದ ಮುದಿ ದಂಪತಿಗಳು. ನಮ್ಮ ಮಕ್ಕಳು ರೆಕ್ಕೆ ಬಲಿತು ದೂರ ಹೋಗಿದ್ದಾರೆ. ನಮ್ಮ ಗೋಡೆಗೆ ತಾಗಿದ ಹಿಂದಿನ ವಠಾರದಲ್ಲಿ ಒಂದು ಎಳೆಯ ಜೋಡಿ ಬಂದು ನೆಲಸಿತ್ತು. ಹುಡುಗ ನಾರಾಯಣಖೇಡದ ಕಡೆಯವನು. ಹತ್ತಿರದ ಒಂದು ಮುದ್ರಣಾಲಯದಲ್ಲಿ ಪುಸ್ತಕಗಳಿಗೆ ರಟ್ಟು ಕಟ್ಟುವ ಕೆಲಸ. ಹುಡುಗಿ ಬಸವಕಲ್ಯಾಣದವಳು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ಅಂಗಡಿಯಲ್ಲಿ ದಖನಿ—ಹೀಗೆ ಮೂರು ನಾಲಗೆಯಲ್ಲಿ ಸಂಸಾರ ನಡೆಯುತ್ತಿತ್ತು. ನಮ್ಮನ್ನು ಕಾಕಾ, ಕಾಕು ಎಂದು ಕರೆಯುತ್ತಿದ್ದರು. ಹತ್ತಡಿಗೆ ಹತ್ತಡಿಯ ಖೋಲಿ. ಅದರಲ್ಲೇ ಒಲೆ, ಅದರಲ್ಲೇ ಹಾಸಿಗೆ. ನಳದ ನೀರು ನಾಲ್ಕು ಬಿಡಾರಕ್ಕೆ ಒಂದು.

ಹುಡುಗಿಗೆ ಐದು ತಿಂಗಳು ತುಂಬಿದಾಗ ವಠಾರದ ಮಾಲೀಕರು ಬಂದು ಮೆಲ್ಲಗೆ ಹೇಳಿದರು: ಬಾಣಂತಿ, ಕೂಸು, ಬಂದುಹೋಗುವ ನೆಂಟರು ಎಂದರೆ ನೀರು ಸಾಲದು, ಬೇರೆ ಕಡೆ ನೋಡಿಕೊಳ್ಳುವುದು ಒಳ್ಳೆಯದು ಎಂದು. ಗದರಲಿಲ್ಲ, ಬೈಯಲಿಲ್ಲ. ಆದರೂ ಆ ರಾತ್ರಿ ಆ ಖೋಲಿಯ ದೀಪ ಬಹಳ ಹೊತ್ತಿನ ತನಕ ಉರಿಯುತ್ತಿತ್ತು. ಚೊಚ್ಚಲ ಹೆರಿಗೆ ತವರಿನಲ್ಲಿ ಎಂಬುದು ನಮ್ಮ ಪದ್ಧತಿ ನಿಜ. ಆದರೆ ಹುಡುಗಿಯ ತವರಿನಲ್ಲಿಯೂ ಎರಡೇ ಅಂಕಣ. ಅಲ್ಲಿ ಅಣ್ಣನ ಸಂಸಾರ ಬೇರೆ. ತವರಿಗೆ ಹೋದರೂ ಮೂರು ತಿಂಗಳ ಕೂಸನ್ನು ಎತ್ತಿಕೊಂಡು ಬರುವುದು ಎಲ್ಲಿಗೆ?

“ಸರಕಾರದ ಮನೆಗೆ ಅರ್ಜಿ ಹಾಕಬಾರದೇಕೆ?” ಎಂದು ಯಾರೋ ಸಲಹೆ ಕೊಟ್ಟರು. ಆ ಜೋಡಿಗೆ ಕಾಗದಪತ್ರದ ರೂಢಿ ಇರಲಿಲ್ಲ. ನಮಗೆ ನಿವೃತ್ತಿಯ ಬಿಡುವು ಇತ್ತು. ಹೀಗೆ ನಾವೂ ಅವರ ಜೊತೆ ಕಚೇರಿಯ ಮೆಟ್ಟಿಲು ಹತ್ತಿದೆವು. ಅಲ್ಲಿ ಕಂಡದ್ದು, ತಿಳಿದದ್ದು ನಮ್ಮ ಸಂಘದ ಇತರ ಕುಟುಂಬಗಳಿಗೂ ಉಪಯೋಗಕ್ಕೆ ಬಂದೀತೆಂದು ಇಲ್ಲಿ ಬರೆಯುತ್ತಿದ್ದೇವೆ.

ಮೊದಲನೆಯದು, ‘ಕುಟುಂಬ’ ಎಂದರೆ ಯಾರು ಎಂಬ ಪ್ರಶ್ನೆ. ಕೇಂದ್ರ ಸರಕಾರ 2015ರ ಜೂನ್ 25ರಂದು ಆರಂಭಿಸಿದ ಪ್ರಧಾನಮಂತ್ರಿ ಆವಾಸ್ ಯೋಜನೆಯ ನಗರ ವಿಭಾಗದಲ್ಲಿಯೂ, 2024ರ ಸೆಪ್ಟೆಂಬರಿನಲ್ಲಿ ಮೊದಲಾದ ಅದರ ಎರಡನೆಯ ಆವೃತ್ತಿಯಲ್ಲಿಯೂ ಕುಟುಂಬವೆಂದರೆ ಗಂಡ, ಹೆಂಡತಿ, ಮದುವೆಯಾಗದ ಗಂಡುಮಕ್ಕಳು ಮತ್ತು ಹೆಣ್ಣುಮಕ್ಕಳು. ಇವರಲ್ಲಿ ಯಾರ ಹೆಸರಿನಲ್ಲಿಯೂ ಭಾರತದ ಯಾವ ಮೂಲೆಯಲ್ಲಿಯೂ ಪಕ್ಕಾ ಮನೆ ಇರಕೂಡದು. ವರ್ಷದ ವರಮಾನ ಮೂರು ಲಕ್ಷದೊಳಗಿದ್ದರೆ ಅತಿ ದುರ್ಬಲ ವರ್ಗ. ಮೂರರಿಂದ ಆರು ಲಕ್ಷದ ತನಕ ಕಡಿಮೆ ಆದಾಯದ ವರ್ಗ. ಮಕ್ಕಳಿರಲೇಬೇಕೆಂಬ ಕಟ್ಟಳೆ ಇಲ್ಲ. ಆದ್ದರಿಂದ ಚೊಚ್ಚಲ ಬಸುರಿಯೂ ಅವಳ ಗಂಡನೂ ಅರ್ಜಿ ಹಾಕಲು ಕೂಸಿಗಾಗಿ ಕಾಯಬೇಕಾದ್ದಿಲ್ಲ. ಇದು ಸಮಾಧಾನದ ಮಾತು. ಆದರೆ ಯಾರಿಗೆ ಆದ್ಯತೆ ಎಂದು ನೋಡಿದರೆ ವಿಧವೆಯರು, ಒಂಟಿ ಹೆಂಗಸರು, ಅಂಗವಿಕಲರು, ವೃದ್ಧರು ಎಂದು ಪಟ್ಟಿ ಸಾಗುತ್ತದೆ. ಆ ಸಾಲಿನಲ್ಲಿ ಬಸುರಿ ಹೆಂಗಸು ನಮ್ಮ ಕಣ್ಣಿಗೆ ಬೀಳಲಿಲ್ಲ.

ಎರಡನೆಯದು, ನಮ್ಮ ತೆಲಂಗಾಣದ ಯೋಜನೆಗಳು. 2015ರಲ್ಲಿ ಅಂದಿನ ರಾಜ್ಯ ಸರಕಾರ ಬಡವರಿಗೆ ಎರಡು ಮಲಗುವ ಕೋಣೆಯ ಮನೆಗಳನ್ನು ಪುಕ್ಕಟೆಯಾಗಿ ಕಟ್ಟಿಸಿಕೊಡಲು ಹೊರಟಿತು. 560 ಚದರ ಅಡಿ. ಎರಡು ಕೋಣೆ, ನಡುಮನೆ, ಅಡಿಗೆಮನೆ. ಸಿಕಂದರಾಬಾದಿನ ಐ.ಡಿ.ಎಚ್. ಕಾಲೊನಿಯಲ್ಲಿ ಮೊದಲ 396 ಮನೆಗಳಾದವು. 2023ರ ಜೂನ್ 22ರಂದು ಕೊಲ್ಲೂರಿನಲ್ಲಿ 15,660 ಮನೆಗಳ ಬಡಾವಣೆಯ ಉದ್ಘಾಟನೆಯಾಯಿತು. ಇದು ತಾಯಿ ಮೂಕಾಂಬಿಕೆಯ ಕೊಲ್ಲೂರಲ್ಲ, ಸಂಗಾರೆಡ್ಡಿ ಜಿಲ್ಲೆಯ ಕೊಲ್ಲೂರು. 2023ರ ಡಿಸೆಂಬರಿನಲ್ಲಿ ಸರಕಾರ ಬದಲಾಯಿತು. 2024ರ ಮಾರ್ಚ್ 11ರಂದು ಭದ್ರಾಚಲದಲ್ಲಿ ಇಂದಿರಮ್ಮ ಮನೆಗಳ ಯೋಜನೆ ಮೊದಲಾಯಿತು. ಇದರಲ್ಲಿ ಮನೆ ಕಟ್ಟಿಕೊಳ್ಳಲು ಐದು ಲಕ್ಷ ರೂಪಾಯಿಯ ನೆರವು ಹಂತ ಹಂತವಾಗಿ ಕೈಸೇರುತ್ತದೆ. ಮೊದಲ ಸುತ್ತು ಸ್ವಂತ ನಿವೇಶನ ಉಳ್ಳವರಿಗೆ. ನಾರಾಯಣಗೂಡದಲ್ಲಿ ನಿವೇಶನ ಇರುವವನು ಬಡವನಾದಾನೆಯೇ ಎಂದು ಹುಡುಗ ಕೇಳಿದಾಗ ನಮಗೆ ಉತ್ತರ ಹೊಳೆಯಲಿಲ್ಲ.

ಈ ಎರಡು ಯೋಜನೆಗಳಿಗೂ ಸಮಾನವಾದ ಸಂಗತಿ, ಮನೆ ಹೆಂಗಸಿನ ಹೆಸರಿನಲ್ಲಿ ಎಂಬುದು. ಬಲು ಒಳ್ಳೆಯ ನಿಯಮ. ಸಮಾನವಾದ ಇನ್ನೊಂದು ಸಂಗತಿ, ರೇಷನ್ ಕಾರ್ಡು. ನಮ್ಮ ಜೋಡಿಯ ಗಾಡಿ ನಿಂತದ್ದು ಇಲ್ಲಿ. ಹುಡುಗನ ಹೆಸರು ನಾರಾಯಣಖೇಡದಲ್ಲಿ ತಂದೆಯ ಕಾರ್ಡಿನಲ್ಲಿ; ಹುಡುಗಿಯ ಹೆಸರು ಬಸವಕಲ್ಯಾಣದಲ್ಲಿ ಅವಳ ತಂದೆಯ ಕಾರ್ಡಿನಲ್ಲಿ. ಒಂದು ತೆಲಂಗಾಣ, ಇನ್ನೊಂದು ಕರ್ನಾಟಕ. 1956ರ ನವೆಂಬರ್ 1ಕ್ಕೆ ಮುಂಚೆ ಎರಡೂ ಒಂದೇ ಹೈದರಾಬಾದು ಸಂಸ್ಥಾನದ ಊರುಗಳು. ಆಗ ಎಳೆದ ಗೆರೆ ಈ ಹುಡುಗಿಯ ಸಂಸಾರದ ನಡುವೆ ಹಾದುಹೋಗಿತ್ತು. ಈಗ ದೇಶದಲ್ಲೆಲ್ಲ ಒಂದೇ ಕಾರ್ಡಿನ ವ್ಯವಸ್ಥೆ ಬಂದು, ಬೀದರಿನ ಕಾರ್ಡಿಗೆ ಹೈದರಾಬಾದಿನಲ್ಲಿಯೂ ಅಕ್ಕಿ ಸಿಗುತ್ತದೆ. ಆದರೆ ಅಕ್ಕಿ ಗಡಿ ದಾಟಿದಷ್ಟು ಸಲೀಸಾಗಿ ಮನೆ ದಾಟುವುದಿಲ್ಲ. ಮನೆಗೆ ಈ ರಾಜ್ಯದ ಕಾರ್ಡೇ ಬೇಕು.

ಒಂದು ದಿನ ಹುಡುಗಿ ನಮ್ಮ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕುಳಿತು ಹೇಳಿದಳು:

“ಕಾಕು, ಅಲ್ಲಿ ಹೆಸರ ತೆಗೀಬೇಕಾದ್ರ ಇಲ್ಲಿ ಹಚ್ಚಿದ್ದು ತೋರಸ್ರಿ ಅಂತಾರ. ಇಲ್ಲಿ ಹಚ್ಚಬೇಕಾದ್ರ ಅಲ್ಲಿ ತೆಗದದ್ದು ತೋರಸ್ರಿ ಅಂತಾರ. ಹಂಗಾದ್ರ ನಾ ಈಗ ಯಾವ ಮನ್ಯಾಕಿ ಹೇಳ್ರಿ?”

ಮದುವೆಯಾದ ಹೆಣ್ಣು ಯಾವ ಮನೆಯವಳು ಎಂಬುದು ನಮ್ಮ ಹಾಡುಹಸೆಗಳಷ್ಟೇ ಹಳೆಯ ಪ್ರಶ್ನೆ. ಅದು ಕಚೇರಿಯ ಕಿಟಕಿಯ ಮುಂದೆ ಎದ್ದು ನಿಲ್ಲುವುದೆಂದು ನಾವು ಎಣಿಸಿರಲಿಲ್ಲ. ಹೊಟ್ಟೆಯಲ್ಲಿದ್ದ ಕೂಸಂತೂ ಯಾವ ಲೆಕ್ಕದಲ್ಲಿಯೂ ಇರಲಿಲ್ಲ.

ಇಲ್ಲಿ ಒಂದು ಮಾತು ನೆನಪಾಗುತ್ತದೆ. ಹುಡುಗಿಯ ತವರಾದ ಕಲ್ಯಾಣ ಒಂದು ಕಾಲಕ್ಕೆ ಚಾಲುಕ್ಯರ ರಾಜಧಾನಿ. ಆರನೆಯ ವಿಕ್ರಮಾದಿತ್ಯನ ಆಸ್ಥಾನದಲ್ಲಿ ವಿಜ್ಞಾನೇಶ್ವರನು ‘ಮಿತಾಕ್ಷರ’ವನ್ನು ಬರೆದನು, ಕಲಬುರಗಿ ಜಿಲ್ಲೆಯ ಮರತೂರು ಅವನ ಊರೆಂದು ಪ್ರಸಿದ್ಧಿ. ಆ ಮಿತಾಕ್ಷರದ ಪರಂಪರೆಯಲ್ಲಿ ಆಸ್ತಿ ಪಾಲಾಗುವಾಗ ತಾಯಿಯ ಗರ್ಭದಲ್ಲಿರುವ ಮಗನಿಗೂ ಪಾಲುಂಟು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ 20ನೆಯ ಕಲಮು ಗಂಡೆನ್ನದೆ ಹೆಣ್ಣೆನ್ನದೆ, ಯಜಮಾನ ತೀರಿಕೊಂಡಾಗ ಗರ್ಭದಲ್ಲಿದ್ದು ಆಮೇಲೆ ಜೀವಂತವಾಗಿ ಹುಟ್ಟಿದ ಕೂಸಿಗೆ, ಮೊದಲೇ ಹುಟ್ಟಿದ ಮಕ್ಕಳಷ್ಟೇ ಹಕ್ಕು ಕೊಡುತ್ತದೆ. ಅಂದರೆ ಆಸ್ತಿ ಇದ್ದವರ ಮನೆಯ ಗರ್ಭಸ್ಥ ಶಿಶುವನ್ನು ಕಾನೂನು ಒಂಬೈನೂರು ವರ್ಷಗಳಿಂದ ಕಾಣುತ್ತ ಬಂದಿದೆ. ಆಸ್ತಿ ಇಲ್ಲದವರ ಮನೆಯ ಶಿಶು ಕಾಣಬೇಕಾದರೆ ಜನನ ಪ್ರಮಾಣಪತ್ರ ಬರಬೇಕು!

ಹೊರದೇಶಗಳಲ್ಲಿ ಹೇಗೆ? ಇಂಗ್ಲೆಂಡಿನಲ್ಲಿ 1977ರಲ್ಲಿ ಮನೆಯಿಲ್ಲದವರಿಗಾಗಿ ಒಂದು ಕಾಯಿದೆಯಾಯಿತು. ನೆಲೆ ಕಳೆದುಕೊಂಡವಳು ಗರ್ಭಿಣಿಯಾಗಿದ್ದರೆ ಅವಳಿಗೂ, ಅವಳೊಡನೆ ಬಾಳುವವರಿಗೂ ಮೊದಲ ಅಗತ್ಯದವರೆಂಬ ಸ್ಥಾನ ಅದರಿಂದ ದೊರೆಯಿತು. ಈಗ 1996ರ ಕಾಯಿದೆಯಲ್ಲಿಯೂ ಅದು ಉಂಟು. ಆದರೆ ವಿನೋದ ನೋಡಿ: ಮನೆಯಲ್ಲಿ ಜನ ಹೆಚ್ಚಾಯಿತೇ ಎಂದು ಅಳೆಯುವ ಅಲ್ಲಿನ 1985ರ ಕಾಯಿದೆ ವರ್ಷ ತುಂಬದ ಕೂಸನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ, ಒಂದರಿಂದ ಹತ್ತರೊಳಗಿನ ಮಗು ಅರ್ಧ ಆಳು. ರಾತ್ರಿಯೆಲ್ಲ ಅಳುವ ಆರು ತಿಂಗಳ ಕೂಸಿನೊಡನೆ ಒಂದೇ ಕೋಣೆಯಲ್ಲಿ ಮಲಗಿದವರು ಆ ಕಾಯಿದೆಯನ್ನು ಬರೆದಿರಲಾರರು. ನಮ್ಮ ಕನ್ನಡಿಗರು ಅನೇಕರು ನೆಲಸಿರುವ ಸಿಂಗಪುರದಲ್ಲಿ 2013ರಿಂದ ಸರಕಾರಿ ಮನೆಗಳ ಹಂಚಿಕೆಯಲ್ಲಿ, ಮೊದಲ ಬಾರಿ ಅರ್ಜಿ ಹಾಕುವ ದಂಪತಿಗಳಿಗೆ ಮಗುವಿದ್ದರೂ ಸರಿ, ಮಗು ಬರುವ ನಿರೀಕ್ಷೆಯಿದ್ದರೂ ಸರಿ, ಒಂದು ಪಾಲು ಮೀಸಲಾಯಿತು. ವೈದ್ಯರ ಚೀಟಿಯೇ ಅಲ್ಲಿ ಕೂಸಿನ ಸಾಕ್ಷಿ.

ಹಾಗಾದರೆ ಇಲ್ಲಿಯೂ ಬಸುರಿಯರನ್ನು ಸಾಲಿನ ತುದಿಗೆ ತಂದು ನಿಲ್ಲಿಸಬೇಕೆ? ನಾವಿಬ್ಬರೂ ಇದನ್ನು ಅನೇಕ ಸಂಜೆ ಚರ್ಚಿಸಿದೆವು. ನಮ್ಮಲ್ಲಿ ಒಬ್ಬರ ವಾದ ಹೀಗೆ: ಹತ್ತು ವರ್ಷದಿಂದ ಕಾಯುತ್ತಿರುವ ವಿಧವೆ, ನಾಲ್ಕು ಮಕ್ಕಳೊಡನೆ ತಗಡಿನ ಕೆಳಗೆ ಬೇಯುವ ತಾಯಿ, ಇವರನ್ನು ಹಿಂದೆ ಹಾಕಿ ನಿನ್ನೆ ಮದುವೆಯಾದವರಿಗೆ ಸ್ವಂತ ಮನೆ ಕೊಡುವುದು ನ್ಯಾಯವಲ್ಲ. ಇನ್ನೊಬ್ಬರ ವಾದ: ಉಳಿದವರ ಕಷ್ಟಕ್ಕೆ ತಾರೀಖಿಲ್ಲ, ಬಸುರಿಗೆ ತಾರೀಖು ಉಂಟು. ಲಾಟರಿ ಎತ್ತಿ ಮನೆ ಹಂಚುವ ಅಧಿಕಾರಿಗೆ ನವಮಾಸದ ಲೆಕ್ಕ ತಿಳಿಯದು. ಮನೆ ಐದು ವರ್ಷದ ಮೇಲೆ ಬಂದರೆ ಆ ಹೆರಿಗೆಗೆ ಅದು ಬಂದಂತಲ್ಲ.

ಕೊನೆಗೆ ಇಬ್ಬರೂ ಒಪ್ಪಿದ ಮಾತು ಒಂದು. ಚೊಚ್ಚಲ ಬಸುರಿಗೆ ತಕ್ಷಣ ಬೇಕಾದದ್ದು ಸ್ವಂತದ ಮನೆಯಲ್ಲ, ಯಾರೂ ಎಬ್ಬಿಸಲಾರದ ಒಂದು ಅಗ್ಗದ ಬಾಡಿಗೆ ಮನೆ. ಈ ವಿಚಾರ ನಮ್ಮ ಊರಿಗೆ ಹೊಸದಲ್ಲ. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಸಾವಿರಾರು ಜನರನ್ನು ಕೊಂಡೊಯ್ಯಿತು. ಮರುವರ್ಷ ನಮ್ಮ ವಿಶ್ವೇಶ್ವರಯ್ಯನವರು ಇಲ್ಲಿಗೆ ಬಂದು ಪ್ರವಾಹ ತಡೆಯುವ ಯೋಜನೆ ಹಾಕಿಕೊಟ್ಟರು. 1912ರಲ್ಲಿ ನಗರ ಸುಧಾರಣಾ ಮಂಡಲಿ ಸ್ಥಾಪನೆಯಾಗಿ, ಇಕ್ಕಟ್ಟಿನ ಕೊಳೆಗೇರಿಗಳನ್ನು ತೆಗೆಸಿ, ಗಾಳಿ ಬೆಳಕಿನ ಸಣ್ಣ ಮನೆಗಳನ್ನು ಕಟ್ಟಿಸಿ ಬಡವರಿಗೆ ಬಾಡಿಗೆಗೆ ಕೊಟ್ಟಿತು. ಆಮೇಲೆ ಕಾಲ ಬದಲಾಗಿ, ಸರಕಾರಗಳು ಬಾಡಿಗೆಯ ಮನೆಗಿಂತ ಪಟ್ಟಾ ಕೊಡುವ ಮನೆಯನ್ನೇ ಹೆಚ್ಚು ಮೆಚ್ಚಿದವು. 2020ರಲ್ಲಿ ಕೋವಿಡ್ ಕಾಲದಲ್ಲಿ ಕೂಲಿಕಾರರು ಕಾಲ್ನಡೆಯಲ್ಲಿ ಊರಿಗೆ ಹೊರಟದ್ದನ್ನು ಕಂಡ ಮೇಲೆ ಕೇಂದ್ರ ಸರಕಾರ ಅಗ್ಗದ ಬಾಡಿಗೆ ಮನೆಗಳ ಯೋಜನೆ ಹೊರಡಿಸಿತು. ಆವಾಸ್ ಯೋಜನೆಯ ಎರಡನೆಯ ಆವೃತ್ತಿಯಲ್ಲಿಯೂ ಅದಕ್ಕೆ ಜಾಗವಿದೆ. ಅಂಥ ಪ್ರತಿ ಬಡಾವಣೆಯಲ್ಲಿ ನಾಲ್ಕು ಮನೆಗಳನ್ನು ಆರನೆಯ ತಿಂಗಳು ದಾಟಿದ ಬಸುರಿಯರಿಗೆಂದು, ಎರಡೋ ಮೂರೋ ವರ್ಷದ ಅವಧಿಗೆ, ತೆಗೆದಿಟ್ಟರೆ ಯಾರ ಸರದಿಯೂ ತಪ್ಪುವುದಿಲ್ಲ. ಸ್ವಂತ ಮನೆಯ ಸಾಲು ತನ್ನ ಪಾಡಿಗೆ ಸಾಗಬಹುದು.

ಇನ್ನು ನಮ್ಮ ಜೋಡಿಯ ಕಥೆ. ನಡುವೆ ಒಬ್ಬ ಮಧ್ಯವರ್ತಿ ಬಂದು, ನಲವತ್ತು ಸಾವಿರ ಕೊಟ್ಟರೆ ಪಟ್ಟಿಯಲ್ಲಿ ಹೆಸರು ಸೇರಿಸುವೆನೆಂದ. ಹುಡುಗಿ ಕಿವಿಯ ಝುಮಕಿಗೆ ಕೈಹಾಕಿದ್ದಳು. ಪುಕ್ಕಟೆ ಮನೆಗೆ ನಲವತ್ತು ಸಾವಿರ ಯಾಕೆಂದು ನಾವು ರಸೀತಿ ಕೇಳಿದೆವು; ಅವನು ಮತ್ತೆ ಓಣಿಯ ಕಡೆ ಸುಳಿಯಲಿಲ್ಲ. ಆಮೇಲೆ ಮದುವೆಯನ್ನು ನೋಂದಾಯಿಸಿ, ಆ ಪತ್ರವನ್ನು ಹುಡುಗಿಯ ತಂದೆಗೆ ಕಳಿಸಿದೆವು. ಅವರು ಮೂರು ಸಾರಿ ಕಚೇರಿಗೆ ನಡೆದು ಮಗಳ ಹೆಸರನ್ನು ತಮ್ಮ ಕಾರ್ಡಿನಿಂದ ತೆಗೆಸಿದರು. ಹೆಸರು ತೆಗೆದ ದಿನ ಫೋನಿನಲ್ಲಿ ಅವರ ಗಂಟಲು ಕಟ್ಟಿತ್ತಂತೆ; ಮಗಳನ್ನು ಎರಡನೆಯ ಸಲ ಧಾರೆ ಎರೆದಂತಾಯಿತು ಎಂದರಂತೆ.

ಏಳನೆಯ ತಿಂಗಳ ಕುಬುಸ ನಮ್ಮ ಪಡಸಾಲೆಯಲ್ಲಿ ಆಯಿತು. ಓಣಿಯ ತೆಲುಗಿನ ತಾಯಂದಿರು ಹಸಿರು ಬಳೆ ತೊಡಿಸಿದರು. ಮಾಲೀಕರ ಹೆಂಡತಿಯೂ ಬಂದು ಉಡಿ ತುಂಬಿದರು. ಆ ಮೇಲೆ ಖೋಲಿ ಬಿಡುವ ಮಾತು ಕೂಸಿಗೆ ಆರು ತಿಂಗಳು ತುಂಬುವ ತನಕ ಮುಂದಕ್ಕೆ ಹೋಯಿತು. ಹುಡುಗಿಯ ತಾಯಿ ಬಸವಕಲ್ಯಾಣದಿಂದ ಬಂದು, ನಮ್ಮ ಮುಂದಿನ ಕೋಣೆಯಲ್ಲಿ ಬಾಣಂತನ ಮಾಡಿದರು. ಸರಕಾರಿ ಹೆರಿಗೆ ಆಸ್ಪತ್ರೆಯಲ್ಲಿ ಹೆಣ್ಣು ಕೂಸು ಸುಖವಾಗಿ ಹುಟ್ಟಿತು. ಹೊಸ ಕಾರ್ಡಿನಲ್ಲಿ ಈಗ ಮೂರು ಹೆಸರುಗಳಿವೆ. ಮನೆಯ ಅರ್ಜಿ ಹೋಗಿದೆ, ಸರದಿ ಬಂದಿಲ್ಲ. ಸದ್ಯಕ್ಕೆ ಅವರು ಎರಡು ಓಣಿ ಆಚೆ, ತಿಂಗಳಿಗೆ ಸಾವಿರದೈನೂರು ಹೆಚ್ಚು ಕೊಟ್ಟು ಬೇರೆ ಖೋಲಿ ಹಿಡಿದಿದ್ದಾರೆ. ಆ ಸಾವಿರದೈನೂರಕ್ಕಾಗಿ ಹುಡುಗ ಭಾನುವಾರವೂ ರಟ್ಟು ಕಟ್ಟುತ್ತಾನೆ.

ಸೋದರ ಸೋದರಿಯರಲ್ಲಿ ನಮ್ಮ ವಿನಂತಿ ಇಷ್ಟೆ. ಮನೆಯಲ್ಲಿ ಮದುವೆಯಾದ ಕೂಡಲೆ, ಅರಿಸಿನದ ಬಣ್ಣ ಆರುವ ಮುಂಚೆಯೇ, ಮದುವೆಯನ್ನು ನೋಂದಾಯಿಸಿರಿ. ಹುಡುಗಿಯ ಹೆಸರನ್ನು ತವರಿನ ಕಾರ್ಡಿನಿಂದ ತೆಗೆಸಿ ಗಂಡನ ಕಾರ್ಡಿಗೆ ಸೇರಿಸಿರಿ. ಗಡಿಯಾಚೆಯ ಸಂಬಂಧವಾದರೆ ಇದಕ್ಕೆ ತಿಂಗಳುಗಳೇ ಹಿಡಿಯುತ್ತವೆ. ಆಧಾರಿನ ವಿಳಾಸ ತಿದ್ದಿಸಿರಿ, ವರಮಾನದ ಪತ್ರ ಮಾಡಿಸಿಡಿರಿ. ಮನೆಯ ಅರ್ಜಿಗೆ ಕೂಸಿಗಾಗಿ ಕಾಯಬೇಡಿರಿ. ಕೂಸು ಹುಟ್ಟಿದ 21 ದಿನದೊಳಗೆ ಜನನ ದಾಖಲಾದರೆ ಶುಲ್ಕವಿಲ್ಲ. ಹೆಸರು ಇನ್ನೂ ಇಟ್ಟಿಲ್ಲವೆಂದು ತಡೆಯಬೇಕಾಗಿಲ್ಲ, ಅದನ್ನು ಆಮೇಲೆ ಸೇರಿಸಬಹುದು. ಕೊಟ್ಟ ಪ್ರತಿ ಅರ್ಜಿಗೂ ರಸೀತಿ ಪಡೆದು ಜೋಪಾನ ಮಾಡಿರಿ. ರಸೀತಿ ಕೊಡದವನಿಗೆ ಒಂದು ಕಾಸನ್ನೂ ಕೊಡಬೇಡಿರಿ.

ಬೀದರ, ಜಹೀರಾಬಾದು, ನಾರಾಯಣಖೇಡದ ಕಡೆಯಿಂದ ಬಂದ ಎಳೆಯ ಜೋಡಿಗಳು ನಮ್ಮ ನೆರೆಯಲ್ಲಿ ಇನ್ನೂ ಎಷ್ಟೋ ಇವೆ. ಕನ್ನಡ, ತೆಲುಗು ಎರಡನ್ನೂ ಓದಬಲ್ಲ ನಿವೃತ್ತರು ನಮ್ಮ ಸಂಘದಲ್ಲಿ ಕಡಿಮೆಯಿಲ್ಲ. ವಾರಕ್ಕೆ ಒಂದು ಸಂಜೆ ಅವರಲ್ಲಿ ಇಬ್ಬರು ಕುಳಿತು ಅರ್ಜಿ ಬರೆದುಕೊಟ್ಟರೆ ಅದೂ ಒಂದು ಕನ್ನಡದ ಕೆಲಸವೇ. ನಾವಿಬ್ಬರು ಗುರುವಾರ ಸಂಜೆ ಐದಕ್ಕೆ ಕುಳಿತುಕೊಳ್ಳಲು ಸಿದ್ಧರಿದ್ದೇವೆ. ಬರುವವರು ಎರಡೂ ಊರಿನ ಕಾರ್ಡುಗಳ ಪ್ರತಿಗಳನ್ನು ಮರೆಯದೆ ತರಬೇಕು.