ಅಮ್ಮನ ಹಾಡಿಗೊಂದು ಪ್ಯಾಡ್

"ಒಂದು ಒಳ್ಳೆಯ ಪ್ಯಾಡ್ ಹುಡುಕುತ್ತಾ ಇದ್ದೇನೆ ಕಣ್ರೀ. ಹದಿನೈದು ದಿನವಾಯಿತು, ಮನಸ್ಸಿಗೆ ಒಪ್ಪುವಂಥದ್ದು ಒಂದೂ ಸಿಗಲಿಲ್ಲ" ಎಂದು ಪಕ್ಕದ ಮನೆಯ ಟೀಚರ ಹತ್ತಿರ ಕಾಂಪೌಂಡಿನ ಮೇಲಿಂದ ಹೇಳಿಕೊಂಡದ್ದೇ ತಪ್ಪಾಯಿತು. ಅರ್ಧ ಗಂಟೆಯಲ್ಲಿ ಅವರ ಮಗ, ತಾನು ಪರೀಕ್ಷೆಗೆ ಒಯ್ಯುವ ಕ್ಲಿಪ್ಪಿನ ರಟ್ಟನ್ನು ತಂದು ಕೈಗಿತ್ತು, "ಆಂಟೀ, ಏಪ್ರಿಲ್‌ವರೆಗೂ ನೀವೇ ಇಟ್ಕೊಳ್ಳಿ, ಆಮೇಲೆ ನನಗೆ ಬೇಕು" ಅಂದ. ಇವರು ಪೇಪರಿನ ಹಿಂದೆ ಮುಖ ಮರೆಸಿಕೊಂಡು ನಗುತ್ತಿದ್ದರು. ಸದ್ಯ, ಮೆಡಿಕಲ್ ಶಾಪಿನ ಹುಡುಗನ ಮುಂದೆ ಈ ಮಾತು ಆಡಲಿಲ್ಲವಲ್ಲ! ಆಡಿದ್ದರೆ ಅವನು ಏನನ್ನು ಕಾಗದದಲ್ಲಿ ಸುತ್ತಿ ಕೊಡುತ್ತಿದ್ದನೆಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ನಾನು ಹುಡುಕುತ್ತಿದ್ದದ್ದು ಬರೆಯುವ ಪ್ಯಾಡೂ ಅಲ್ಲ, ಇನ್ನೊಂದೂ ಅಲ್ಲ. ಅದೊಂದು ನಾದ. ಹಾಡಿನ ಹಿಂದೆ ಉದ್ದಕ್ಕೆ, ಮೆತ್ತಗೆ, ಹಾಸಿಗೆ ಹಾಸಿದಂತೆ ಹರಡಿರುತ್ತದಲ್ಲ, ಅದಕ್ಕೆ ಸಂಗೀತದ ಸ್ಟುಡಿಯೋದವರು ಪ್ಯಾಡ್ ಎನ್ನುತ್ತಾರೆ. 1987ರ ರೋಲ್ಯಾಂಡ್ ಡಿ-50, 1988ರ ಕೋರ್ಗ್ ಎಂ1 ಎಂಬ ಕೀಬೋರ್ಡುಗಳು ಇಂಥ ನಾದಗಳಿಗೆ ಹೆಸರಾಗಿದ್ದವು. ಈಗ ಕೀಬೋರ್ಡನ್ನೇ ಕೊಳ್ಳಬೇಕೆಂದಿಲ್ಲ. ಅದೆಲ್ಲ ಸಾಫ್ಟ್‌ವೇರ್ ಆಗಿ ಕಂಪ್ಯೂಟರಿನೊಳಗೆ ಬಂದು ಕುಳಿತಿದೆ. ಬೆಂಗಳೂರಿನಿಂದ ರಜೆಗೆ ಬಂದ ಮಗ ಸರ್ಜ್ ಎಕ್ಸ್‌ಟಿ, ವೈಟಲ್ ಎಂಬ ಎರಡನ್ನು ಹಾಕಿಕೊಟ್ಟ. ಎರಡಕ್ಕೂ ದುಡ್ಡು ಕೊಡಬೇಕಾಗಿರಲಿಲ್ಲ. ಹಾಗಾಗಿ ಇವರ ಒಪ್ಪಿಗೆಯೂ ಸುಲಭವಾಗಿ ಸಿಕ್ಕಿತು.

ಈ ವಯಸ್ಸಿನಲ್ಲಿ ಇದೇಕೆ ಎನ್ನುತ್ತೀರಾ? ಕಾರಣ ಒಂದು ಹಳೆಯ ಕ್ಯಾಸೆಟ್.

1986ರ ಬೇಸಿಗೆ. ದೊಡ್ಡಮಾವ ಬೊಂಬಾಯಿಯಿಂದ ಟೇಪ್ ರೆಕಾರ್ಡರ್ ತಂದಿದ್ದ. ಅಮ್ಮನಿಗೆ ಹಸೆಗೆ ಕರೆಯುವ ಹಾಡು, ಆರತಿ ಹಾಡು, ದೇವರನಾಮಗಳೆಲ್ಲ ಬಾಯಿಗೆ ಬರುತ್ತಿದ್ದವು. ಅವನ್ನು ಹಿಡಿದಿಡಬೇಕೆಂದು ಮಾವನಿಗೆ ಆಸೆ. ಅಮ್ಮ ಒಗ್ಗರಣೆಯ ಕೈ ಒರೆಸಿಕೊಳ್ಳುತ್ತ ಬಂದು ಚಾಪೆಯ ಮೇಲೆ ಕುಳಿತಳು. "ಒಂದು ಗಳಿಗೆ ಶ್ರುತಿಪೆಟ್ಟಿಗೆ ಹಿಡಿಯೇ" ಎಂದು ನನ್ನನ್ನು ಕರೆದಳು. ನಾನಾಗ ಪಿಯುಸಿ. ಗೆಳತಿಯರು ಗೇಟಿನ ಬಳಿ ನಿಂತಿದ್ದರು, ಸಾಗರದ ಟಾಕೀಸಿನಲ್ಲಿ ಮ್ಯಾಟಿನಿ ಹಿಡಿಯಬೇಕಿತ್ತು. "ನಂಗೆ ಪುರುಸೊತ್ತಿಲ್ಲ" ಎಂದು ಚಪ್ಪಲಿ ಮೆಟ್ಟಿಕೊಂಡು ಹೋಗಿಬಿಟ್ಟೆ. ನೋಡಿದ ಸಿನಿಮಾ ಯಾವುದೆಂದು ಈಗ ನೆನಪೂ ಇಲ್ಲ.

ಅಮ್ಮ ಹೋದ ವರ್ಷ ತೀರಿಕೊಂಡಳು. ವರ್ಷಾಂತಕ್ಕೆ ನೆಂಟರೆಲ್ಲ ಸೇರುವಾಗ ಅಮ್ಮನ ಹಾಡು ಕೇಳಿಸಬೇಕೆಂದು ಅಣ್ಣ ಆ ಕ್ಯಾಸೆಟ್ಟನ್ನು ಹುಡುಕಿ ಕೊಟ್ಟ. ಮಗ ಅದನ್ನು ಕಂಪ್ಯೂಟರಿಗೆ ಇಳಿಸಿದ. ಮೊದಲು ಟೇಪಿನ ಸುಯ್ ಸದ್ದು, ಎಲ್ಲೋ ಬಾಗಿಲು ಹಾಕಿಕೊಂಡ ಸದ್ದು (ಅದು ನಾನು ಹೊರಟ ಬಾಗಿಲು!), ಆಮೇಲೆ ಅಮ್ಮನ ದನಿ: "ಹೋಗ್ಲಿ ಬಿಡೋ, ಹಾಗೇ ಹಾಡ್ತೆ." ಹಾಗೆಯೇ ಹಾಡಿದ್ದಳು. ಶ್ರುತಿಯಿಲ್ಲದೆ, ಒಬ್ಬಳೇ.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಬೆಳಿಗ್ಗೆ ಎದ್ದವಳೇ ಮಗನಿಗೆ, "ಇದರ ಹಿಂದೆ ಏನಾದರೂ ಸೇರಿಸಲು ಬರುತ್ತದೇನೋ?" ಎಂದು ಕೇಳಿದೆ.

ಮೊದಲು ಮೊಬೈಲಿನ ತಂಬೂರಿಯನ್ನು ಸೇರಿಸಿ ನೋಡಿದೆವು. ಸರಿಬರಲಿಲ್ಲ. ತಂಬೂರಿಯ ಝೇಂಕಾರಕ್ಕೆ ಹೊಳಪು ಹೆಚ್ಚು. ಸವೆದ ಟೇಪಿನಲ್ಲಿ ಅಮ್ಮನ ದನಿ ತೆಳ್ಳಗಾಗಿತ್ತು. ತಂತಿಯ ಒಂದೊಂದು ಮೀಟೂ ಆ ದನಿಯನ್ನು ಹಿಂದಕ್ಕೆ ತಳ್ಳುತ್ತಿತ್ತು. ಮೀಟು ಕೇಳಿಸದ, ಅಂಚೇ ಇಲ್ಲದ ನಾದ ಬೇಕಿತ್ತು. ಪ್ಯಾಡ್ ಎಂಬ ಮಾತು ನಮ್ಮ ಮನೆಗೆ ಬಂದದ್ದು ಹೀಗೆ.

ಸಾಫ್ಟ್‌ವೇರಿನಲ್ಲಿ ಸಿದ್ಧ ನಾದಗಳು ರಾಶಿ ರಾಶಿ ಇವೆ. ಸೀರೆ ಅಂಗಡಿಗೆ ಹೋದಂತೆಯೇ ಅನ್ನಿ. ಹುಡುಗ ಒಂದರ ಮೇಲೊಂದು ಬಿಚ್ಚಿ ಹರಡುತ್ತಾನೆ, ಎಲ್ಲವೂ ಚೆಂದ, ಉಡಲು ಮಾತ್ರ ಒಂದೂ ಬೇಡ. ಒಂದು ನಾದ ಅಲೆಯಂತೆ ಏರಿಳಿದು, ಹಾಡನ್ನು ದೋಣಿಯಲ್ಲಿ ಕೂರಿಸಿತು. ಇನ್ನೊಂದು ಮೇಲಿನ ಸ್ಥಾಯಿಯಲ್ಲಿ ಮಿಣಮಿಣ ಮಿನುಗಿ, ಆರತಿ ಹಾಡನ್ನು ಧಾರಾವಾಹಿಯ ಕನಸಿನ ದೃಶ್ಯ ಮಾಡಿಬಿಟ್ಟಿತು. ಮತ್ತೊಂದು ಎಷ್ಟು ಗಂಭೀರವೆಂದರೆ, ಇವರು ಒಳಗಿನಿಂದ ಬಂದು "ಯಾರಿಗೇನಾಯಿತು?" ಎಂದು ಕೇಳಿದರು. ಬರಿದೇ ಕೇಳುವಾಗ ಮನಸೋಲಿಸಿದ ನಾದಗಳೇ ಹಾಡಿನ ಹಿಂದೆ ನಿಂತಾಗ ಹೆಚ್ಚು ತೊಂದರೆ ಕೊಟ್ಟವು. ಅಂದಿನಿಂದ, ಹಾಡು ಹಾಕದೆ ಪ್ಯಾಡನ್ನು ಕೇಳಿ ಆರಿಸುವುದನ್ನೇ ಬಿಟ್ಟೆ.

ಮಗನ ಅಭ್ಯಾಸವೆಂದರೆ ಮೂರು ಮನೆ ಒಟ್ಟಿಗೆ ಒತ್ತುವುದು, ಸ ಗ ಪ. ಅವನು ಒತ್ತಿದ್ದು ಅಂತರ ಗಾಂಧಾರ. ಅಮ್ಮನ ಹಾಡೋ ಆನಂದಭೈರವಿಯ ಜಾಡಿನದು, ಅದರ ಗಾಂಧಾರ ಸಾಧಾರಣ. ಎರಡೂ ಒಟ್ಟಿಗೆ ಕೇಳಿ ಹಲ್ಲು ಜುಮ್ಮೆಂದಿತು. "ಗ ತೆಗೆಯೋ ಮಾರಾಯ, ಷಡ್ಜ ಪಂಚಮ ಎರಡೇ ಸಾಕು" ಎಂದೆ. ಇಪ್ಪತ್ತೈದು ವರ್ಷ ಮಕ್ಕಳಿಗೆ ಸುಗಮ ಸಂಗೀತ ಹೇಳಿಕೊಟ್ಟದ್ದು ಅಷ್ಟರ ಮಟ್ಟಿಗೆ ಉಪಯೋಗಕ್ಕೆ ಬಂತು.

ಕೊನೆಗೆ ಸಿದ್ಧ ನಾದಗಳನ್ನೆಲ್ಲ ಬದಿಗಿಟ್ಟು, ಸರ್ಜ್‌ನಲ್ಲಿ ಬರಿಯ ಒಂದು ನಾದದಿಂದ ಶುರುಮಾಡಿದೆವು. ಅದಕ್ಕೆ ಅದರದೇ ಜೋಡಿಯನ್ನು ಸೇರಿಸಿ, ಎರಡರ ನಡುವೆ ಕೂದಲೆಳೆಯಷ್ಟು ಶ್ರುತಿಭೇದ ಇಟ್ಟೆವು. ತಂಬೂರಿಯ ಜೋಡಿ ತಂತಿಗಳಲ್ಲಿ ಇರುತ್ತದಲ್ಲ, ಹಾಗೆ. ಜೀವ ಬರುವುದು ಅಲ್ಲೇ. ಫಿಲ್ಟರ್ ಇಳಿಸಿ ಹೊಳಪು ಕಳೆದೆವು. 150 ಹರ್ಟ್ಸ್‌ಗಿಂತ ಕೆಳಗಿನ ಗುಂಯ್ ಎನ್ನುವುದನ್ನೂ ತೆಗೆದೆವು. ನಾದ ಏಳಲು ಎರಡು ಸೆಕೆಂಡು, ಕರಗಲು ನಾಲ್ಕು ಸೆಕೆಂಡು ಕೊಟ್ಟೆವು. ಕೇಳಲು ಶ್ರುತಿಪೆಟ್ಟಿಗೆಯ ದೂರದ ತಂಗಿಯಂತಿತ್ತು.

ಅಷ್ಟಾದರೂ ಅದು ಅಮ್ಮನಿಗೆ ಹೊಂದಲಿಲ್ಲ. ಕಂಪ್ಯೂಟರಿನ ಶ್ರುತಿ ಅಳತೆಗೋಲಿನಂತೆ ನೆಟ್ಟಗೆ. ಅಮ್ಮನದು ಜಿ-ಶಾರ್ಪ್‌ಗಿಂತ 30 ಸೆಂಟ್ ಕೆಳಗೆ. ಅರ್ಧ ಸ್ವರಕ್ಕೆ 100 ಸೆಂಟ್ ಎಂಬ ಲೆಕ್ಕವನ್ನು ನಾನು ಕಲಿತದ್ದೇ ಆಗ. ಪ್ಯಾಡನ್ನು ಅಷ್ಟು ಇಳಿಸಿದರೆ ಪಲ್ಲವಿ ಕೂಡಿತು, ಚರಣ ಕೂಡಲಿಲ್ಲ. ಆಧಾರವಿಲ್ಲದೆ ಹಾಡಿದ್ದರಿಂದ ಅಮ್ಮನ ದನಿ ಚರಣದಿಂದ ಚರಣಕ್ಕೆ ತುಸು ತುಸುವೇ ಮೇಲೇರಿತ್ತು.

"ಅಜ್ಜಿಯ ದನಿಯನ್ನೇ ಸರಿಮಾಡಬಹುದಮ್ಮಾ, ಎರಡು ನಿಮಿಷದ ಕೆಲಸ" ಎಂದ ಮಗ. ಪಾಪ, ಅವನು ಒಳ್ಳೆಯದಕ್ಕೇ ಹೇಳಿದ್ದು. ನನಗೆ ಮಾತ್ರ ಹೊಟ್ಟೆಯಲ್ಲಿ ಏನೋ ಕಿವುಚಿದಂತಾಯಿತು. ಅವಳ ಶ್ರುತಿ ಏರಿದ್ದು ಅವಳ ತಪ್ಪೇ? ಪೆಟ್ಟಿಗೆ ಹಿಡಿಯಬೇಕಾದವಳು ಮ್ಯಾಟಿನಿಯಲ್ಲಿ ಕೂತಿದ್ದಳಲ್ಲ! "ಬೇಡ, ಅವಳು ಹೋದಲ್ಲಿಗೆ ನಾನೇ ಹೋಗುತ್ತೇನೆ" ಎಂದೆ.

ಮಗ ರಜೆ ಮುಗಿಸಿ ಹೊರಟ ಮೇಲೆ ಒಂದು ವಾರ ಅದೇ ಕೆಲಸ. ಮಧ್ಯಾಹ್ನ ಪಾತ್ರೆ ತೊಳೆದಿಟ್ಟು, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಅಮ್ಮನ ಷಡ್ಜ ಎಲ್ಲೆಲ್ಲಿ ನಿಂತಿದೆಯೋ ಅಲ್ಲಲ್ಲಿಗೆ ಪ್ಯಾಡಿನ ಶ್ರುತಿಯ ಗೆರೆಯನ್ನು ಎರಡು ಸೆಂಟ್, ಮೂರು ಸೆಂಟ್ ಎಂದು ಎತ್ತುತ್ತಾ ಹೋದೆ. ಹಾಡುವವರು ಶ್ರುತಿಯನ್ನು ಅನುಸರಿಸಬೇಕೆಂದು ಮಕ್ಕಳಿಗೆ ಗದರಿಸಿಕೊಂಡು ಬಂದವಳು ನಾನು. ಈಗ ಶ್ರುತಿಯೇ ಸೆರಗು ಹಿಡಿದುಕೊಂಡು ಅಮ್ಮನ ಹಿಂದೆ ಹೊರಟಿತ್ತು. ಒಂದೊಂದು ಸಾಲನ್ನು ಎಷ್ಟು ಸಲ ಕೇಳಿದೆನೋ! ಅವಳು ಉಸಿರು ತೆಗೆದುಕೊಳ್ಳುವುದು, ನಡುವೆ ಬಳೆ ಸರಿಸಿಕೊಳ್ಳುವುದು, ಎಲ್ಲ ಕಂಠಪಾಠವಾಯಿತು. ಬದುಕಿದ್ದಾಗ ಅವಳ ಹಾಡನ್ನು ಇಷ್ಟು ಗಮನವಿಟ್ಟು ಒಂದು ಸಲವೂ ಕೇಳಿರಲಿಲ್ಲ. ಟೇಪಿನ ಸುಯ್ ಸದ್ದನ್ನು ಪೂರ್ತಿ ತೆಗೆಯಹೋದರೆ ಆ ಉಸಿರೂ ಹೋಗುತ್ತಿತ್ತು. ಅದನ್ನು ಹಾಗೆಯೇ ಬಿಟ್ಟೆ. ಪ್ಯಾಡ್ ಎಷ್ಟು ದೊಡ್ಡದಿರಬೇಕೆಂಬುದಕ್ಕೂ ನನ್ನದೇ ಒಂದು ಅಳತೆ ಮಾಡಿಕೊಂಡೆ. ಇರುವಾಗ ಗೊತ್ತಾಗಬಾರದು, ನಿಲ್ಲಿಸಿದರೆ ಮಾತ್ರ ಏನೋ ಕಳೆದುಕೊಂಡಂತೆ ಅನ್ನಿಸಬೇಕು.

ವರ್ಷಾಂತದ ದಿನ ಊಟವಾದ ಮೇಲೆ ಎಲ್ಲರೂ ಜಗಲಿಯಲ್ಲಿ ಕುಳಿತರು. ಎಲೆ ಅಡಿಕೆಯ ತಟ್ಟೆ ಒಂದು ಸುತ್ತು ಬಂತು. ಅಣ್ಣ ಹಾಡು ಹಾಕಿದ. ಯಾರೂ ಮಾತಾಡಲಿಲ್ಲ. ಪ್ಯಾಡಿನ ಸುದ್ದಿಯನ್ನಂತೂ ಒಬ್ಬರೂ ಎತ್ತಲಿಲ್ಲ. ಇಪ್ಪತ್ತು ದಿನದ ನನ್ನ ಕೆಲಸ ಅಷ್ಟು ಚೆನ್ನಾಗಿ ಆಗಿತ್ತೆಂದು ಒಳಗೊಳಗೇ ಬೀಗಿದೆ.

ಕೊನೆಯ ಹಾಡು ಮುಗಿದಾಗ ಎಂಬತ್ತು ದಾಟಿದ ಚಿಕ್ಕಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದಳು.

"ಅಕ್ಕ ಎಷ್ಟು ಚೆನ್ನಾಗಿ ಹಾಡಿದ್ದಾಳೆ. ಅವತ್ತು ಶ್ರುತಿಗೆ ಕೂತವಳು ನೀನೇ ಅಲ್ಲದನೇ?"

ಏನು ಹೇಳಲಿ? "ಹೌದು ಚಿಕ್ಕಮ್ಮ, ಬರೋದು ಸ್ವಲ್ಪ ತಡವಾಯ್ತು" ಎಂದು ಖಾಲಿ ತಟ್ಟೆ ಎತ್ತಿಕೊಂಡು ಒಳಗೆ ಹೋದೆ.