ಹಿಡಿ ಅಕ್ಕಿ, ಉಂಡೆ ಕೆಮ್ಮಣ್ಣು

ಸಾಗರದ ಬಸ್ ನಿಲ್ದಾಣದಲ್ಲಿ ಇಳಿಯುವ ಹೊಸಬರು ಸಾಮಾನ್ಯವಾಗಿ ಕೇಳುವುದು ಎರಡೇ ಪ್ರಶ್ನೆ. ಜೋಗದ ಬಸ್ಸು ಎಲ್ಲಿ ನಿಲ್ಲುತ್ತದೆ? ಸಿಗಂದೂರಿಗೆ ಎಷ್ಟು ಹೊತ್ತಿಗೆ ಇದೆ? ಸ್ವಲ್ಪ ಓದಿಕೊಂಡು ಬಂದವರಾದರೆ ಇಕ್ಕೇರಿ, ಕೆಳದಿಗಳ ದಾರಿ ವಿಚಾರಿಸುತ್ತಾರೆ. ದಸರೆ ಮುಗಿದ ಮಾರನೆಯ ದಿನ ಅದೇ ನಿಲ್ದಾಣದಲ್ಲಿ ಇಳಿದ ನನಗೆ ಬೇಕಾಗಿದ್ದುದು ಜಲಪಾತವೂ ಅಲ್ಲ, ದೇವಸ್ಥಾನವೂ ಅಲ್ಲ, ಒಂದು ಬುಟ್ಟಿ. ಮಾರುವ ಬುಟ್ಟಿಯಲ್ಲ, ಬರೆಯುವ ಬುಟ್ಟಿ.

ಆಶ್ವಯುಜ ಮಾಸದ ಹುಣ್ಣಿಮೆ ಮಲೆನಾಡಿನ ಈ ಭಾಗದಲ್ಲಿ ಭೂಮಿ ಹುಣ್ಣಿಮೆ. ಭತ್ತ ಹೊಡೆ ಬಿಟ್ಟು ತೆನೆಯಾಗುವ ಕಾಲ. ಗದ್ದೆಯನ್ನು ಬಸುರಿಯೆಂದು ಭಾವಿಸಿ, ಬಸುರಿಯ ಬಯಕೆ ತೀರಿಸುವಂತೆ ಬಗೆಬಗೆಯ ಅಡುಗೆ ಮಾಡಿ ಭೂಮಿತಾಯಿಗೆ ಉಣ್ಣಿಸುವ ಹಬ್ಬ. ಆ ಅಡುಗೆಯನ್ನು ಹೊತ್ತೊಯ್ಯುವುದಕ್ಕೆಂದೇ ಸಾಗರ, ಸೊರಬ, ಹೊಸನಗರ, ಸಿದ್ದಾಪುರ ಸೀಮೆಯ ದೀವರ ಮನೆಗಳಲ್ಲಿ ಬಿದಿರಿನ ಬುಟ್ಟಿಗೆ ಚಿತ್ತಾರ ಬರೆಯುತ್ತಾರೆ. ಅದೇ ಬೂಮಣ್ಣಿ ಬುಟ್ಟಿ. ಪರಿಚಯದ ಮೇಷ್ಟರೊಬ್ಬರು, 'ಹುಣ್ಣಿಮೆಗೆ ನಾಲ್ಕು ದಿನ ಮುಂಚೆ ಬನ್ನಿ, ನೋಡೋದಷ್ಟೇ ಅಲ್ಲ, ಕಲಿತೂ ಹೋಗಬಹುದು' ಎಂದಿದ್ದರು. ಅವರ ಸ್ಕೂಟರಿನ ಹಿಂದೆ ಕುಳಿತು ಅಡಿಕೆ ತೋಟ, ಗದ್ದೆಬಯಲು ದಾಟಿ ಆ ಮನೆ ತಲುಪಿದಾಗ ಮಧ್ಯಾಹ್ನದ ಊಟದ ಹೊತ್ತು.

ಮೊದಲ ನೋಟಕ್ಕೆ ನಿರಾಸೆಯಾಯಿತೆಂದೇ ಹೇಳಬೇಕು. ಮಣ್ಣಿನ ಗೋಡೆ, ಹುಲ್ಲಿನ ಮಾಡು, ಜಗಲಿಯ ಮೇಲೆ ಕೆಂಪು-ಬಿಳಿ ಚಿತ್ತಾರ ಎಂದು ಏನೇನೋ ಕಲ್ಪಿಸಿಕೊಂಡಿದ್ದ ನನ್ನೆದುರು ಇದ್ದದ್ದು ತಾರಸಿ ಮನೆ, ಹಸಿರು ಪೇಂಟು, ಟೈಲ್ಸ್ ಹಾಕಿದ ನೆಲ. ನನ್ನ ಮುಖ ನೋಡಿ ಮನೆಯ ಅಜ್ಜಿಗೆ ಅರ್ಥವಾಗಿರಬೇಕು. 'ಹಳೇ ಮನೆ ಕೆಡವಿದ್ವು ತಂಗೀ. ಮಳೆಗಾಲಕ್ಕೆ ಸೋರ್ತಿತ್ತು, ಎಂತ ಮಾಡೂದು? ನೋಡೂಕೆ ಚೆಂದ ಅಂತ ಸೋರೋ ಮನೇಲಿ ಇರೂಕಾಗ್ತದಾ?' ಎಂದರು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಊಟವಾದ ಮೇಲೆ ಹಿಂದಿನ ಅಂಗಳದಲ್ಲಿ ಕೆಲಸ ಶುರುವಾಯಿತು. ಎರಡು ಬುಟ್ಟಿಗಳು, ಒಂದು ದೊಡ್ಡದು, ಒಂದು ಚಿಕ್ಕದು. ಚಿಕ್ಕದು ನಸುಕಿನಲ್ಲಿ ಗದ್ದೆಗೆ ಚರಗ ಬೀರುವುದಕ್ಕೆ, ದೊಡ್ಡದು ಆಮೇಲೆ ಪೂಜೆಗೆ ಎಡೆ ಹೊತ್ತೊಯ್ಯುವುದಕ್ಕೆ. ಬಿದಿರಿನ ಸಂದು ಮುಚ್ಚುವಂತೆ ಸಗಣಿ ಬಳಿದು ಹಿಂದಿನ ದಿನವೇ ಒಣಗಿಸಿಟ್ಟಿದ್ದರು. ಮನೆಯ ಸೊಸೆ ಕೆಮ್ಮಣ್ಣಿನ ಉಂಡೆಯನ್ನು ನೀರಿನಲ್ಲಿ ಕದಡಿ, ಹಳೆಯ ಪಂಚೆಯ ತುಂಡಿನಲ್ಲಿ ಸೋಸಿ, ದೋಸೆ ಹಿಟ್ಟಿನ ಹದಕ್ಕೆ ತಂದರು. ಬಟ್ಟೆಯ ಉಂಡೆಯಿಂದ ಎರಡು ಸಲ ಬಳಿದರು. ಒಂದು ಸಲ ಬಳಿದದ್ದು ಪೂರಾ ಒಣಗದೆ ಎರಡನೆಯದಕ್ಕೆ ಕೈ ಹಚ್ಚಬಾರದಂತೆ, ಬಿರಿದುಬಿಡುತ್ತದೆ.

ಇನ್ನು ಬಣ್ಣಗಳು. ಬಿಳಿಗೆ ರಾತ್ರಿ ನೆನೆಹಾಕಿದ ಅಕ್ಕಿಯನ್ನು ನುಣ್ಣಗೆ ರುಬ್ಬಬೇಕು. ಕಪ್ಪಿಗೂ ಅಕ್ಕಿಯೇ, ಬಾಣಲೆಯಲ್ಲಿ ಇದ್ದಲಿನಂತಾಗುವವರೆಗೆ ಹುರಿದು, ನೆನೆಸಿ, ಅರೆಯಬೇಕು. ಹಳದಿಗೆ ಕಾಡಿನ ಗುರಿಗೆ ಬೀಜ. ಕೆಂಪಿಗೆ ಹೇಗೂ ಕೆಮ್ಮಣ್ಣಿದೆ. ಕುಂಚ ಪುಂಡಿ ನಾರಿನದು. ನೀರಿನಲ್ಲಿ ಕೊಳೆಸಿ ತೆಗೆದ ನಾರಿನ ಎಳೆಗಳನ್ನು ಬೇಕಾದಷ್ಟು ದಪ್ಪಕ್ಕೆ ಸೇರಿಸಿ ಕಟ್ಟಿದರೆ ಆಯಿತು. ಗೆರೆ ಸಣ್ಣಗೆ ಬೇಕಾದರೆ ಎಳೆ ಕಡಿಮೆ, ದಪ್ಪ ಬೇಕಾದರೆ ಹೆಚ್ಚು. ಲೆಕ್ಕ ಹಾಕಿದೆ: ಹಿಡಿ ಅಕ್ಕಿ, ಉಂಡೆ ಮಣ್ಣು, ಒಂದಿಷ್ಟು ನಾರು. ದುಡ್ಡು ಕೊಟ್ಟು ತಂದದ್ದು ಬುಟ್ಟಿಯೊಂದೇ, ಅದೂ ಮೇದಾರರಿಂದ. ಮಿಕ್ಕದ್ದೆಲ್ಲ ಮನೆಯಿಂದ ಕೂಗಳತೆಯ ದೂರದಲ್ಲೇ ಸಿಕ್ಕಿದ್ದು.

'ಬರೀರಿ ಅಕ್ಕ' ಎಂದು ಸೊಸೆ ನನ್ನ ಕೈಗೂ ಒಂದು ಕುಂಚ ಕೊಟ್ಟರು. ಹಿಟ್ಟಿನಲ್ಲಿ ಅದ್ದಿ ಗೆರೆ ಎಳೆದೆ. ಏನೂ ಕಾಣಲಿಲ್ಲ. ಇನ್ನಷ್ಟು ಅದ್ದಿ ಅದರ ಮೇಲೇ ಮತ್ತೆ ಎಳೆದೆ. ಅಜ್ಜಿ ನಕ್ಕರು. ಹಸಿ ಇರುವಾಗ ಅಕ್ಕಿ ಹಿಟ್ಟು ಮಸುಕಾಗಿಯೇ ಇರುತ್ತದೆ, ಒಣಗುತ್ತಾ ಬೆಳ್ಳಗಾಗುತ್ತದೆ. ಕಾಯುವ ತಾಳ್ಮೆಯಿಲ್ಲದವರ ಗೆರೆ ದಪ್ಪವಾಗುತ್ತದೆ, ದಪ್ಪವಾದದ್ದು ಚಕ್ಕೆ ಎದ್ದು ಉದುರುತ್ತದೆ. ಕಾಲು ಗಂಟೆಯ ನಂತರ ನೋಡಿದರೆ ನನ್ನ ಗೆರೆ ಬುಟ್ಟಿಯ ಮೇಲೆ ಗಾಯಕ್ಕೆ ಪಟ್ಟಿ ಕಟ್ಟಿದಂತೆ ಎದ್ದು ಕಾಣುತ್ತಿತ್ತು. ಪಕ್ಕದಲ್ಲೇ ಸೊಸೆ ಎಳೆದ ಗೆರೆಗಳು ನೂಲಿನಂತೆ ಸಪೂರ.

ಚಿತ್ತಾರವೆಂದರೆ ಮನಸ್ಸಿಗೆ ಬಂದದ್ದನ್ನು ಬರೆಯುವುದಲ್ಲ. ಒಂದೊಂದು ಗೆರೆಗೂ ಹೆಸರಿದೆ, ಜಾಗವಿದೆ. ಒಂಟಿ ಗೆರೆ ಒಂದೆಳೆ. ಸುತ್ತ ಚೌಕಟ್ಟಾಗಿ ನಿಲ್ಲುವುದು ನಿಲಿ. ಗುಬ್ಬಚ್ಚಿ ಮಣ್ಣಿನಲ್ಲಿ ನಡೆದು ಹೋದಂತೆ ಕಾಣುವುದು ಗುಬ್ಬಿಕಾಲು. ಹೆಣೆದ ಜಡೆಯಂತಿರುವುದು ಜೋಗಿಜಡೆ. ಹಣೆಯ ಬಾಸಿಂಗವೂ ಇದೆ, ಚೆಂಡುಹೂವೂ ಇದೆ. ಬುಟ್ಟಿಯ ಮೇಲೆ ಇವುಗಳ ಜೊತೆ ಭತ್ತದ ಸಸಿ, ತೆನೆ, ಬಳ್ಳಿ. ಇದೇ ಗೆರೆಗಳು ಮದುವೆಯ ಕಾಲಕ್ಕೆ ಗೋಡೆಗೇರಿದರೆ ಅದು ಹಸೆ ಚಿತ್ತಾರ. ಹಸೆಗೋಡೆಯ ಮುಂದೆಯೇ ಮದುಮಕ್ಕಳು ಕೂರುವುದು. ಗೋಡೆಯ ಉದ್ದ ಗೆರೆಗಳನ್ನು ಇಬ್ಬರು ಹೆಂಗಸರು ಸೇರಿ ಎಳೆಯುತ್ತಾರೆ. ಬಣ್ಣದಲ್ಲಿ ಅದ್ದಿದ ಪುಂಡಿ ನೂಲಿನ ಎರಡು ತುದಿ ಹಿಡಿದು ಬಿಗಿಯಾಗಿ ಗೋಡೆಗೆ ಒತ್ತಿದರೆ ಅಳತೆಪಟ್ಟಿ ಇಟ್ಟಂತೆ ಗೆರೆ ಬೀಳುತ್ತದೆ. ಒಬ್ಬರೇ ಮಾಡುವ ಕೆಲಸವಲ್ಲ. ಬರೆಯುತ್ತಾ ಹಾಡುತ್ತಾರೆ, ಹಾಡು ಮುಗಿಯುವಷ್ಟರಲ್ಲಿ ಸಾಲು ಮುಗಿದಿರುತ್ತದೆ.

ಅಜ್ಜಿ ಹುಟ್ಟಿದ್ದು ಗೇಣಿದಾರರ ಮನೆಯಲ್ಲಿ. ಇದೇ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಸತ್ಯಾಗ್ರಹ ನಡೆದದ್ದು, ಅದಕ್ಕೆ ಎಚ್. ಗಣಪತಿಯಪ್ಪನವರು ಮುಂದಾಳಾಗಿದ್ದದ್ದು, ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದದ್ದು ನಮ್ಮ ಪುಸ್ತಕಗಳಲ್ಲಿದೆ. ಗೇಣಿಯ ಭತ್ತ ಅಳೆಯುವ ಕೊಳಗದ ಗಾತ್ರದಿಂದ ಎದ್ದ ಜಗಳ ಅದು. ಉಳುವವರು ಬಹುಪಾಲು ದೀವರು. ಉಳುವವನೇ ನೆಲದೊಡೆಯ ಎಂಬ ಮಾತು ಕಾನೂನಾಗಿ ಕೈಗೆ ಸಿಕ್ಕಿದ್ದು ದೇವರಾಜ ಅರಸರ ಕಾಲದ 1974ರ ಭೂಸುಧಾರಣೆಯಿಂದ. ಅದಕ್ಕೂ ಮುಂಚೆ ಬೂಮಣ್ಣಿ ಬುಟ್ಟಿ ಹೊತ್ತು ಹೋಗುತ್ತಿದ್ದುದು ಯಾರ ಗದ್ದೆಗೆ ಎಂದು ಕೇಳಿದೆ. 'ಗದ್ದೆ ಒಡೇರದ್ದು. ಬುಟ್ಟಿ ನಮ್ದು' ಎಂದರು ಅಜ್ಜಿ, ಕುಂಚದಿಂದ ಕಣ್ಣು ತೆಗೆಯದೆ.

ಆ ಮಾತು ನನ್ನನ್ನು ಬಹಳ ಹೊತ್ತು ಬಿಡಲಿಲ್ಲ. 'ಅಗ್ಗದಲ್ಲಿ ಮನೆ ಅಲಂಕಾರ' ಎಂದು ನಾವು ಪತ್ರಿಕೆಗಳಲ್ಲಿ ಬರೆಯುತ್ತೇವೆ. ಒಡೆದ ಬಳೆ, ಖಾಲಿ ಡಬ್ಬ, ಹಳೆಯ ಸೀರೆ ಅಂಚು ಎಂದೆಲ್ಲ ಪಟ್ಟಿ ಕೊಡುತ್ತೇವೆ. ಇಲ್ಲಿ ಅಗ್ಗವೆಂಬುದು ಆಯ್ಕೆಯಾಗಿರಲಿಲ್ಲ. ಅಳೆದು ಕೊಟ್ಟ ಮೇಲೆ ಉಳಿದ ಭತ್ತದಲ್ಲೇ ಒಂದು ಹಿಡಿ ತೆಗೆದು ಚೆಂದಕ್ಕೆಂದು ಇಟ್ಟವರು ಇವರು. ಹೊಟ್ಟೆಗೆ ಸಾಲದ ವರ್ಷವೂ ಆ ಹಿಡಿ ತಪ್ಪಿರಲಿಲ್ಲವಂತೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿ ಶರಾವತಿ ಕಣಿವೆಯ ಊರುಗಳು ಮುಳುಗಿದಾಗ ಎದ್ದು ಬಂದವರ ಪೈಕಿ ಸೊಸೆಯ ತವರಿನವರೂ ಇದ್ದರು. ಹಸೆಗೋಡೆಗಳು ನೀರಿನ ಪಾಲಾದವು. ಗೆರೆಗಳು ಹೆಂಗಸರ ಕೈಯಲ್ಲಿ ಬಂದವು. ಹೊಸ ಜಾಗದ ಮೊದಲ ಗುಡಿಸಲಿಗೂ ಸೊಸೆಯ ಅಜ್ಜಿ ಕೆಮ್ಮಣ್ಣು ಬಳಿದಿದ್ದರಂತೆ.

ನೀರಿನಿಂದ ಉಳಿದುಬಂದ ಚಿತ್ತಾರಕ್ಕೆ ಈಗ ಎದುರಾಗಿರುವುದು ಪ್ಲಾಸ್ಟಿಕ್ ಪೇಂಟು ಮತ್ತು ಕಲ್ಯಾಣ ಮಂಟಪ. ನಯವಾದ ಪೇಂಟಿನ ಮೇಲೆ ಮಣ್ಣು ನಿಲ್ಲುವುದಿಲ್ಲ. ಮದುವೆ ಮಂಟಪಕ್ಕೆ ಹೋದ ಮೇಲೆ ಹಸೆಗೋಡೆಯ ಮುಂದೆ ಕೂರುವವರಾರು? ಈ ಮನೆಯ ದೊಡ್ಡ ಮಗನ ಮದುವೆಯಲ್ಲಿ ಮದುಮಕ್ಕಳ ಹಿಂದೆ ಇದ್ದದ್ದು ಫ್ಲೆಕ್ಸಿನಲ್ಲಿ ಅಚ್ಚು ಹಾಕಿಸಿದ ಗುಲಾಬಿ ತೋಟ. ಫೋಟೊ ಗೋಡೆಯ ಮೇಲಿದೆ. ಅತ್ತ ಪೇಟೆಯಲ್ಲಿ ಇದೇ ಚಿತ್ತಾರ ಬಟ್ಟೆ, ಕಾಗದಗಳ ಮೇಲೆ ಕಟ್ಟು ಹಾಕಿಸಿಕೊಂಡು ಮಾರಾಟಕ್ಕೆ ಬಂದಿದೆ. ತಪ್ಪೆನ್ನಲಾರೆ. ಬರೆಯುವ ಕೈಗೆ ನಾಲ್ಕು ಕಾಸು ಸಿಗುವುದು ಒಳ್ಳೆಯದೇ. ಆದರೆ ದುಡ್ಡಿಲ್ಲದೆ ಹುಟ್ಟಿದ್ದು ದುಡ್ಡಿದ್ದವರ ಗೋಡೆಗೆ ಹೋಗಿ, ಹುಟ್ಟಿದ ಮನೆಯ ಗೋಡೆ ಬೋಳಾಗಿ ನಿಂತರೆ ಏನೋ ಲೆಕ್ಕ ತಪ್ಪಿದಂತೆ ಅನ್ನಿಸುತ್ತದೆ.

ಬೋಳು ಗೋಡೆ ಎಂದಾಗ ನೆನಪಾಯಿತು. ಒಳಗೆ ನಡುಮನೆಯಲ್ಲಿ, ಬಾಗಿಲಿಗೆ ಎದುರಾಗಿ, ಒಂದು ಗೋಡೆಗೆ ಮಾತ್ರ ಪೇಂಟೇ ಹೊಡೆದಿರಲಿಲ್ಲ. ಬರೀ ಸಿಮೆಂಟು. ಕೆಲಸ ಅರ್ಧಕ್ಕೆ ನಿಂತಿದೆ ಎಂದುಕೊಂಡಿದ್ದೆ. 'ದುಡ್ಡು ಸಾಲಲಿಲ್ವಾ ಅಂತ ಬಂದವರೆಲ್ಲ ಕೇಳ್ತಾರೆ' ಎಂದು ಯಜಮಾನರು ನಾಚಿಕೊಂಡು ನಕ್ಕರು. ಮಗಳಿಗೆ ಗಂಡು ಗೊತ್ತಾಗಿದೆ, ಬೇಸಿಗೆಯಲ್ಲಿ ಮದುವೆ. ಮುಹೂರ್ತ ಮಂಟಪದಲ್ಲೇ ಆಗಲಿ, ಹಸೆಗೆ ಮಾತ್ರ ಮನೆಯಲ್ಲೇ ಕೂರುತ್ತೇನೆ ಎಂದು ಮಗಳು ಹಟ ಹಿಡಿದಿದ್ದಾಳೆ. ಬರಿಯ ಸಿಮೆಂಟಾದರೆ ಸಗಣಿ, ಮಣ್ಣು ಹಿಡಿದುಕೊಳ್ಳುತ್ತದೆ ಎಂದು ಕೊಟ್ಟಿಗೆಯ ಗೋಡೆಯಲ್ಲಿ ಪರೀಕ್ಷೆ ಮಾಡಿ ನೋಡಿದ್ದಾರೆ. ಆ ಪರೀಕ್ಷೆಯ ತೇಪೆಯನ್ನೂ ನನಗೆ ತೋರಿಸಿದರು. ಒಂದು ಮಳೆಗಾಲ ಕಳೆದರೂ ಗುಬ್ಬಿಕಾಲು ಅಳಿಸಿರಲಿಲ್ಲ.

ಉಳಿದಿರುವ ತೊಂದರೆ ಒಂದೇ. ಗೋಡೆಯಷ್ಟು ದೊಡ್ಡ ಹಸೆಯ ಪೂರ್ತಿ ಲೆಕ್ಕ ಬರುವುದು ಅಜ್ಜಿಗೆ ಮಾತ್ರ, ಅಜ್ಜಿಯ ಕೈ ನಡುಗುತ್ತದೆ. ಮಗಳು ಶಿವಮೊಗ್ಗದಲ್ಲಿ ಓದಿದವಳು, ಅವಳ ಕೈ ಬೇರೆ ಕೆಲಸಕ್ಕೆ ಪಳಗಿದ್ದು. ಅದಕ್ಕೇ ಈ ವರ್ಷದ ಬುಟ್ಟಿಯನ್ನು ಬಹುಪಾಲು ಅವಳಿಂದಲೇ ಬರೆಸುತ್ತಿದ್ದಾರೆ. ಅಜ್ಜಿ ಹೇಳುವುದು, ಅವಳು ಎಳೆಯುವುದು. 'ಅಲ್ಲ ಮಾರಾಯ್ತಿ, ನಿಲಿ ಮುಗಿಸ್ಕಳ್ದೆ ಒಳಗೆ ಹೋಗ್ಬ್ಯಾಡ' ಎಂದು ಅಜ್ಜಿ ಗದರಿದಾಗ ಒದ್ದೆ ಬಟ್ಟೆಯಿಂದ ಒರೆಸಿ, ಮತ್ತೆ ಕೆಮ್ಮಣ್ಣು ಹಚ್ಚಿ, ಒಣಗುವವರೆಗೆ ಕಾದು, ಮತ್ತೆ ಶುರು. ಸಂಜೆಯೊಳಗೆ ಮೂರು ಸಲ ಹೀಗಾಯಿತು. ಮೂರೂ ಸಲ ಖರ್ಚಾದದ್ದು ಒಂದು ಹಿಡಿ ಮಣ್ಣು, ಒಂದಿಷ್ಟು ಹೊತ್ತು. ಅಗ್ಗದ ಸಾಮಾನಿನ ಬೆಲೆ ನನಗೆ ಗೊತ್ತಾದದ್ದು ಆಗ. ಎಷ್ಟು ಸಲ ತಪ್ಪಿದರೂ ಯಾರಿಗೂ ನಷ್ಟವಿಲ್ಲ. ಕಲಿಯುವವರಿಗೆ ಇದಕ್ಕಿಂತ ದೊಡ್ಡ ಅನುಕೂಲ ಬೇರೆ ಯಾವುದಿದೆ?

ಪಟ್ಟಣದ ಓದುಗರೂ ಇದನ್ನು ಮಾಡಿ ನೋಡಬಹುದು. ಸಾಧಾರಣ ಬಿದಿರಿನ ಬುಟ್ಟಿಯೋ, ಹಳೆಯ ಮೊರವೋ ಸಾಕು. ಸಗಣಿ ಸಿಗದಿದ್ದರೆ ಹಳೆಯ ಕಾಗದವನ್ನು ಗಂಜಿಯಲ್ಲಿ ಅದ್ದಿ ಸಂದುಗಳಿಗೆ ಅಂಟಿಸಿ. ಕೆಮ್ಮಣ್ಣು ಗ್ರಂಥಿಗೆ ಅಂಗಡಿಯಲ್ಲಿ ಸಿಗುತ್ತದೆ. ಅದಕ್ಕೆ ಒಂದು ಚಮಚ ಗೋಂದು ಬೆರೆಸಿದರೆ ಕೈಗೆ ಹತ್ತುವುದು ಕಡಿಮೆ. ಅಕ್ಕಿ ಹಿಟ್ಟನ್ನು ಆಯಾ ದಿನಕ್ಕೆ ಬೇಕಾದಷ್ಟೇ ರುಬ್ಬಿಕೊಳ್ಳಿ, ಮರುದಿನಕ್ಕೆ ಹುಳಿಯಾಗುತ್ತದೆ. ಪುಂಡಿ ನಾರು ಸಿಗದಿದ್ದರೆ ತೆಂಗಿನ ನಾರಿನ ಮೆತ್ತನೆಯ ಎಳೆಗಳನ್ನು ಕಟ್ಟಿಕೊಳ್ಳಿ. ತೇವ ತಗಲದಂತೆ ಇಟ್ಟರೆ ವರ್ಷ ಬಾಳುತ್ತದೆ. ವರ್ಷದ ಮೇಲೆ ಬಾಳಬೇಕೆಂಬ ಆಸೆ ಬೇಡ. ತೊಳೆದು ಮತ್ತೆ ಬರೆಯಿರಿ. ಮತ್ತು ಸಾಧ್ಯವಿದ್ದರೆ ಒಬ್ಬರೇ ಕೂತು ಬರೆಯಬೇಡಿ.

ಹುಣ್ಣಿಮೆಯ ಹಿಂದಿನ ರಾತ್ರಿ ಆ ಮನೆಯಲ್ಲಿ ಯಾರೂ ಮಲಗಲಿಲ್ಲ. ಬೆರಕೆ ಸೊಪ್ಪು, ಕುಂಬಳಕಾಯಿ, ಸೌತೆಕಾಯಿಯ ಕಡುಬು ಎಂದು ಒಲೆ ಉರಿಯುತ್ತಲೇ ಇತ್ತು. ಇನ್ನೂ ಕತ್ತಲಿರುವಾಗಲೇ ಯಜಮಾನರು ಚಿಕ್ಕ ಬುಟ್ಟಿ ಹೊತ್ತು, ಕೂಗು ಹಾಕುತ್ತಾ ಚರಗ ಬೀರಲು ಹೋದರು. ಬೆಳಕು ಹರಿದ ಮೇಲೆ ದೊಡ್ಡ ಬುಟ್ಟಿ ಹೊರಟಿತು. ಗದ್ದೆಯ ಅಂಚಿನಲ್ಲಿ ಭತ್ತದ ಸಸಿಗೆ ಪೂಜೆಯಾಯಿತು. ಕಾಗೆಗೆ ಒಂದು ಎಡೆ, ಮಣ್ಣೊಳಗೆ ಹೂಳುವುದಕ್ಕೆ ಒಂದು ಎಡೆ. ಆಮೇಲೆ ನಮಗೆಲ್ಲ ಅಲ್ಲೇ ಬಾಳೆ ಎಲೆಯ ಮೇಲೆ ಊಟ.

ಊಟದ ಮಧ್ಯೆ ಅಜ್ಜಿ ಪಕ್ಕದಲ್ಲಿದ್ದ ಖಾಲಿ ಬುಟ್ಟಿಯನ್ನು ಎಳೆದುಕೊಂಡು, ಕನ್ನಡಕ ಸರಿಮಾಡಿಕೊಂಡು ಸುತ್ತಲೂ ತಿರುಗಿಸಿ ನೋಡಿದರು. ಮೊಮ್ಮಗಳು ಉಣ್ಣುವುದನ್ನು ನಿಲ್ಲಿಸಿ ಅಜ್ಜಿಯ ಮುಖವನ್ನೇ ನೋಡುತ್ತಿದ್ದಳು. 'ಇಲ್ಲೊಂದು ಕಡೆ ಎಳೆ ಸೊಟ್ಟ' ಎಂದರು ಅಜ್ಜಿ. ಸ್ವಲ್ಪ ಹೊತ್ತು ಬಿಟ್ಟು, 'ಗ್ವಾಡೆ ಬರೀಲಕ್ಕು' ಎಂದರು.