ಸಂಜೆಯ ಪ್ರಾರ್ಥನೆ

ವರುಷಕ್ಕೊಂದು ಸಲ ಬಯಲಿನಲ್ಲಿ ಚಪ್ಪರ ಹಾಕಿ, ಧ್ವನಿವರ್ಧಕಗಳನ್ನು ಕಟ್ಟಿ, ದೂರದ ಊರುಗಳಿಂದ ಪ್ರಸಂಗಿಗಳನ್ನು ಕರೆಯಿಸಿ ನಡೆಯಿಸುವ ಉಜ್ಜೀವನ ಕೂಟಗಳನ್ನು ನಾವು ಬಾಲ್ಯದಿಂದಲೂ ಕಂಡಿದ್ದೇವೆ. ಅವುಗಳಿಂದ ಮನಸ್ಸು ಕರಗಿದವರುಂಟು, ಕುಡಿತವನ್ನು ಬಿಟ್ಟವರುಂಟು. ಅದನ್ನು ಅಲ್ಲಗಳೆಯುವ ಉದ್ದೇಶ ನಮಗಿಲ್ಲ. ಆದರೆ ಚಪ್ಪರವನ್ನು ಬಿಚ್ಚಿದ ಮೂರನೆಯ ವಾರದಲ್ಲಿ ಆ ಉತ್ಸಾಹವೆಲ್ಲ ಎಲ್ಲಿಗೆ ಹೋಯಿತೆಂದು ಕೇಳಿದರೆ ಉತ್ತರ ಹೇಳುವುದು ಕಷ್ಟ. ಇಸ್ರಾಯೇಲ್ಯರು ಅರಣ್ಯದಲ್ಲಿ ಮನ್ನವನ್ನು ಕೂಡಿಸಿಕೊಂಡ ವೃತ್ತಾಂತ ವಿಮೋಚನಕಾಂಡದ 16ನೆಯ ಅಧ್ಯಾಯದಲ್ಲಿದೆ. ಸಬ್ಬತ್ ದಿನಕ್ಕೆಂದು ಮುನ್ನಾದಿನ ತಂದಿಟ್ಟದ್ದನ್ನು ಬಿಟ್ಟರೆ, ನಾಳೆಗಿರಲೆಂದು ಉಳಿಸಿಕೊಂಡದ್ದೆಲ್ಲ ಹುಳಬಿದ್ದು ನಾರಿತಂತೆ. ದಿನದಿನವೂ ಅನ್ನ ಬೇಯಿಸುವ ಗೃಹಿಣಿಗೆ ಈ ಕಥೆಯ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಈ ಪತ್ರಿಕೆಯ ಓದುಗರಲ್ಲಿ ಹೆಚ್ಚಿನವರು ಕ್ರೈಸ್ತರಲ್ಲವೆಂಬುದನ್ನು ನಾವು ಬಲ್ಲೆವು. ಆದರೂ ನಮ್ಮ ಕಾಸರಗೋಡಿನ ಕಡೆಯಲ್ಲಿ ದೀಪ ಹಚ್ಚುವ ಹೊತ್ತಿಗೆ ಒಂದು ಮನೆಯ ಭಜನೆಯನ್ನು ಇನ್ನೊಂದು ಮನೆಯವರು ಕೇಳುತ್ತಲೇ ಬಂದಿದ್ದಾರೆ. ಬೇಲಿಯಾಚೆಯ ಕ್ರೈಸ್ತರ ಮನೆಯ ಗೀತವನ್ನೂ ಕೇಳಿದ್ದಾರೆ. ಒಳಗಿನ ಚಾಪೆಯ ಮೇಲೆ ಏನು ನಡೆಯುತ್ತದೆ, ಅದರಿಂದ ಭಕ್ತಿಯು ಹೇಗೆ ಬಲಗೊಳ್ಳುತ್ತದೆ ಎಂಬುದನ್ನು ತಿಳಿಸಿದರೆ ನೆರೆಯವರಿಗೆ ಅಪ್ರಿಯವಾಗಲಾರದೆಂದು ನಂಬಿ ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇವೆ.

ನಿತ್ಯನಿಯಮವೆಂಬುದು ಇಂದು ನಿನ್ನೆಯದಲ್ಲ. ದಾನಿಯೇಲನು ಬಾಬೆಲಿನಲ್ಲಿ ದಿನಕ್ಕೆ ಮೂರು ಸಲ ಕಿಟಕಿಯ ಬಳಿ ಮೊಣಕಾಲೂರಿ ಪ್ರಾರ್ಥಿಸುತ್ತಿದ್ದನು. ‘ದಿದಾಖೆ’ ಎಂಬ ಆದಿಸಭೆಯ ಕಿರುಗ್ರಂಥವು ಕರ್ತನ ಪ್ರಾರ್ಥನೆಯನ್ನು ದಿನಕ್ಕೆ ಮೂರಾವೃತ್ತಿ ಹೇಳಬೇಕೆಂದೂ ಬುಧವಾರ ಶುಕ್ರವಾರಗಳಲ್ಲಿ ಉಪವಾಸವಿರಬೇಕೆಂದೂ ವಿಧಿಸುತ್ತದೆ. ಜರ್ಮನಿಯ ಹೆರ್ನ್‌ಹೂಟ್ ಎಂಬ ಹಳ್ಳಿಯಲ್ಲಿ 1728ರಲ್ಲಿ ಒಂದು ಪದ್ಧತಿ ಹುಟ್ಟಿತು: ಆ ದಿನಕ್ಕೆಂದು ಆರಿಸಿದ ವೇದವಾಕ್ಯವೊಂದನ್ನು ಮನೆಮನೆಯ ಬಾಗಿಲಿಗೆ ಹೋಗಿ ಹೇಳಿಬರುವುದು. 1731ರಿಂದ ಅದು ಪ್ರತಿವರ್ಷವೂ ಪುಸ್ತಕರೂಪದಲ್ಲಿ ಅಚ್ಚಾಗುತ್ತ ಬಂದಿದೆ. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಶನ್ನಿನವರಲ್ಲಿ ಅನೇಕರು ಇಂಥದೇ ಮನೆಭಕ್ತಿಯಲ್ಲಿ ಬೆಳೆದವರು. ಅವರು ಶಾಲೆಗಳನ್ನು ಕಟ್ಟಿದರು, 1841ರಲ್ಲಿ ಅಚ್ಚುಕೂಟವನ್ನು ತೆರೆದರು, 1865ರಲ್ಲಿ ಹಂಚಿನ ಕಾರ್ಖಾನೆಯನ್ನು ತೊಡಗಿಸಿದರು. ಆ ಕಾರ್ಖಾನೆಗಳಲ್ಲಿ ದಿನದ ಕೆಲಸವು ಪ್ರಾರ್ಥನೆಯಿಂದಲೇ ಆರಂಭವಾಗುತ್ತಿತ್ತು. ಅವರು ಬಿಟ್ಟುಹೋದವುಗಳಲ್ಲಿ ಹಂಚು ಒಡೆಯುತ್ತದೆ; ಚಾಪೆ ಹಾಸಿ ಕುಳಿತುಕೊಳ್ಳುವ ರೂಢಿಯು ಮಾತ್ರ ನಮ್ಮ ಮನೆಯಲ್ಲಿ ಐದನೆಯ ತಲೆಮಾರನ್ನು ಮುಟ್ಟಿದೆ.

ನಮ್ಮ ಪ್ರಾರ್ಥನೆಗೆ ಏಳು ನಿಮಿಷಗಳಿಗಿಂತ ಹೆಚ್ಚು ಹಿಡಿಯುವುದಿಲ್ಲ. ಒಂದು ಗೀತ, ಅದರಲ್ಲಿಯೂ ಎರಡೇ ಚರಣ, ಒಂದು ಪಾಠ, ಮನೆಯ ಒಬ್ಬರ ಸ್ವಂತ ಮಾತಿನ ಪ್ರಾರ್ಥನೆ, ಕೊನೆಗೆ ಎಲ್ಲರೂ ಕೂಡಿ ಕರ್ತನ ಪ್ರಾರ್ಥನೆ. ಉದ್ದ ಹೆಚ್ಚಾದರೆ ಮಕ್ಕಳು ತೂಕಡಿಸುತ್ತಾರೆ, ಹಿರಿಯರು ಪ್ರಸಂಗಕ್ಕೆ ತೊಡಗುತ್ತಾರೆ; ಎರಡೂ ಹಾನಿಯೇ. ಪಾಠವನ್ನು ಮನಬಂದ ಕಡೆಯಲ್ಲಿ ತೆರೆದು ಓದುವುದನ್ನು ನಾವು ಒಪ್ಪುವುದಿಲ್ಲ. ಹಾಗೆ ಓದುವವರು ತಮಗೆ ಹಿತವಾದ ಹತ್ತು ಪುಟಗಳಲ್ಲಿಯೇ ಜನ್ಮವನ್ನು ಕಳೆಯುತ್ತಾರೆ. ಕ್ರಮವಾಗಿ ಓದುವವರಿಗೆ ಲೆಕ್ಕವು ತಾನಾಗಿಯೇ ನೆರವಾಗುತ್ತದೆ. ಸತ್ಯವೇದದ 66 ಪುಸ್ತಕಗಳಲ್ಲಿ 1,189 ಅಧ್ಯಾಯಗಳಿವೆ. ದಿನಕ್ಕೊಂದರಂತೆ ಓದಿದರೆ ಮೂರುಕಾಲು ವರುಷ. ಹೊಸ ಒಡಂಬಡಿಕೆಯಲ್ಲಿ 260 ಅಧ್ಯಾಯಗಳು. ವಾರಕ್ಕೆ ಐದರಂತೆ ಸರಿಯಾಗಿ 52 ವಾರ. ಜ್ಞಾನೋಕ್ತಿಗಳಲ್ಲಿ 31 ಅಧ್ಯಾಯಗಳಿರುವುದರಿಂದ ಪಂಚಾಂಗದ ತಾರೀಕನ್ನು ನೋಡಿ ಅದೇ ಅಧ್ಯಾಯವನ್ನು ತೆರೆಯಬಹುದು. ಕೀರ್ತನೆಗಳಲ್ಲಿ ಅತಿ ದೀರ್ಘವಾದ 119ನೆಯದು 176 ವಚನಗಳದ್ದು. ಅದನ್ನು ಕಂಡು ಹೆದರುವವರಿಗೆ, ಅದು ಇಬ್ರಿಯ ಭಾಷೆಯ 22 ಅಕ್ಷರಗಳಿಗೆ ಅಕ್ಷರಕ್ಕೆ ಎಂಟರಂತೆ ಕಟ್ಟಿದ ಪದ್ಯಮಾಲೆಯೆಂದು ತಿಳಿಸಿದರೆ ಸಾಕು. ದಿನಕ್ಕೊಂದು ಅಕ್ಷರದಂತೆ 22 ದಿನಗಳಲ್ಲಿ ಮುಗಿಯುತ್ತದೆ.

ಇಷ್ಟು ಸುಲಭವಾದದ್ದು ಕಠಿಣವಾಗುವುದು ಮನೆಯಲ್ಲಿ ಜಗಳವಾದ ದಿನ. ನಾವು ಬಾಲಕರಾಗಿದ್ದಾಗ ನಮ್ಮ ತಂದೆಗೂ ಚಿಕ್ಕಪ್ಪನವರಿಗೂ ತೋಟದ ನೀರಿನ ಸರದಿಯ ವಿಷಯದಲ್ಲಿ ಮನಸ್ತಾಪ ಉಂಟಾಯಿತು. ಬೇಸಿಗೆ ಬಿರುಸಾಗಿತ್ತು, ಕೆರೆಯ ನೀರು ತಳ ಹಿಡಿದಿತ್ತು, ಅಡಕೆಯ ಸಸಿಗಳು ಬಾಡುತ್ತಿದ್ದವು. ಹಗಲೆಲ್ಲ ಇಬ್ಬರಲ್ಲಿ ಮಾತಿಲ್ಲ. ಸಂಜೆಯಾದೊಡನೆ ಅದೇ ಚಾವಡಿ, ಅದೇ ಚಾಪೆ. ಬಾರದಿದ್ದರೆ ಅಜ್ಜನಿಗೆ ಉತ್ತರ ಹೇಳಬೇಕಾದೀತೆಂದು ಇಬ್ಬರೂ ಬಂದು ಕುಳಿತರು. ಕರ್ತನ ಪ್ರಾರ್ಥನೆಯಲ್ಲಿ, ನಮಗೆ ತಪ್ಪು ಮಾಡಿದವರನ್ನು ಕ್ಷಮಿಸುವ ಮಾತು ಬರುವ ಸ್ಥಳದಲ್ಲಿ ಅಜ್ಜನವರು ನಿಲ್ಲಿಸಿಬಿಟ್ಟರು. ಒಂದು ನಿಮಿಷವಾಯಿತು, ಎರಡು ನಿಮಿಷವಾಯಿತು. ಯಾರೂ ಮುಂದಿನ ಮಾತನ್ನು ಎತ್ತಲಿಲ್ಲ. ಅಜ್ಜನವರು ಪುಸ್ತಕವನ್ನು ಮುಚ್ಚಿ, ಉಳಿದದ್ದನ್ನು ನಾಳೆ ಹೇಳೋಣವೆಂದು ಎದ್ದುಹೋದರು. ಅರ್ಧಕ್ಕೆ ನಿಂತ ಆ ಪ್ರಾರ್ಥನೆಯ ಭಾರವನ್ನು ಹೊತ್ತುಕೊಂಡು ಆ ರಾತ್ರಿ ಮನೆಯವರೆಲ್ಲರೂ ಉಂಡೆವು. ಮರುದಿನ ಬೆಳಗ್ಗೆ ಚಿಕ್ಕಪ್ಪನವರು ತಮ್ಮ ಸರದಿಯ ಅರ್ಧ ಹೊತ್ತನ್ನು ಬಿಟ್ಟುಕೊಟ್ಟರು; ತಂದೆಯವರು ಅದನ್ನು ಪಡೆಯದೆ ಹಾರೆ ಹಿಡಿದು ಅವರ ಕಣಿಯನ್ನೇ ಬಿಡಿಸಿಕೊಟ್ಟರು. ಸಂಜೆ ಪ್ರಾರ್ಥನೆಯು ನಿಂತ ಕಡೆಯಿಂದ ಮುಂದುವರಿಯಿತು. ಬಲಿಪೀಠದ ಮುಂದೆ ಕಾಣಿಕೆಯನ್ನಿಟ್ಟು ಮೊದಲು ಸಹೋದರನೊಡನೆ ಸಮಾಧಾನ ಮಾಡಿಕೊಳ್ಳಬೇಕೆಂಬ ಬೋಧನೆಯನ್ನು ಮತ್ತಾಯನ ಸುವಾರ್ತೆಯ 5ನೆಯ ಅಧ್ಯಾಯದಲ್ಲಿ ಯಾರೂ ಓದಬಹುದು. ನಮಗೆ ಅದರ ಭಾಷ್ಯವು ದೊರೆತದ್ದು ಆ ಎರಡು ನಿಮಿಷಗಳ ಮೌನದಲ್ಲಿ.

ಇನ್ನೊಂದು ಅಭ್ಯಾಸ ಅಡುಗೆಮನೆಗೆ ಸೇರಿದ್ದು. ಗಂಜಿಗೆಂದು ಕುಚ್ಚಲಕ್ಕಿಯನ್ನು ಅಳೆದುಕೊಂಡ ಮೇಲೆ, ತೊಳೆಯುವ ಮುನ್ನ, ಒಂದು ಹಿಡಿಯನ್ನು ಬೇರೆಯ ಮಡಕೆಗೆ ಹಾಕುವುದು. ಮಲಯಾಳದವರು ಇದನ್ನು ‘ಪಿಡಿಯರಿ’ ಎನ್ನುತ್ತಾರೆ. ದೂರದ ಮಿಜೋರಾಮಿನ ಸಭೆಗಳಲ್ಲಿಯೂ 1910ರಿಂದ ಇದೇ ಕ್ರಮವುಂಟು. ಅಲ್ಲಿನ ಸ್ತ್ರೀಯರು ಹೀಗೆ ಹಿಡಿಹಿಡಿಯಾಗಿ ತೆಗೆದಿಟ್ಟ ಅಕ್ಕಿಯಿಂದಲೇ ಸುವಾರ್ತಾ ಸೇವೆಯ ದೊಡ್ಡ ಕಾರ್ಯಗಳು ನಡೆದಿವೆ. ನಮ್ಮ ಮನೆಯ ಮಡಕೆ ತುಂಬಿದಾಗ ಅದು ಸಭೆಗೆ ಹೋಗುತ್ತದೆ, ಇಲ್ಲವೆ ಯಾರ ಮನೆಯಲ್ಲಿ ಕಾಯಿಲೆಯಿದೆಯೋ ಅಲ್ಲಿಗೆ ಹೋಗುತ್ತದೆ. ಇದರಲ್ಲಿ ನಾವು ಮೆಚ್ಚುವ ಗುಣವೇನೆಂದರೆ, ಕೊಡುವವಳಿಗೆ ಕೊಟ್ಟೆನೆಂಬ ಹೆಮ್ಮೆಗೆ ಅವಕಾಶವಿಲ್ಲ; ಹಿಡಿಯಕ್ಕಿ ತೆಗೆದರೆ ಯಾರ ಹೊಟ್ಟೆಯೂ ಕಡಮೆಯಾಗದು. ಆದರೆ ದಿನಕ್ಕೆ ಎರಡು ಸಲ, ಒಲೆಯ ಮುಂದೆ, ಇನ್ನೊಬ್ಬರ ಹಸಿವಿನ ನೆನಪು ಅವಳ ಕೈಗೆ ಬರುತ್ತದೆ. ಹದಿನೇಳನೆಯ ಶತಮಾನದಲ್ಲಿ ಪ್ಯಾರಿಸಿನ ಮಠವೊಂದರ ಅಡುಗೆಮನೆಯಲ್ಲಿ ದುಡಿಯುತ್ತಿದ್ದ ಸಹೋದರ ಲಾರೆನ್ಸನು ಪಾತ್ರೆಗಳ ನಡುವೆಯೂ ದೇವರ ಸನ್ನಿಧಿಯನ್ನು ಅಭ್ಯಾಸ ಮಾಡಿಕೊಂಡನೆಂದು ಗ್ರಂಥಗಳು ಹೊಗಳುತ್ತವೆ. ನಮ್ಮ ಮನೆಗಳ ಅಡುಗೆಮನೆಗಳಲ್ಲಿ ಇಂಥವರು ಎಷ್ಟು ಮಂದಿ ಇದ್ದರೋ! ಅವರ ಮೇಲೆ ಯಾರೂ ಗ್ರಂಥ ಬರೆಯಲಿಲ್ಲ.

ಉಳಿದ ನಿಯಮಗಳನ್ನು ಹೆಚ್ಚು ವಿಸ್ತರಿಸುವುದಿಲ್ಲ. ಶುಕ್ರವಾರ ಒಂದು ಹೊತ್ತು ಬಿಡುವುದು, ಆದಿತ್ಯವಾರ ಆರಾಧನೆಯಾದ ಮೇಲೆ ನೇರವಾಗಿ ಮನೆಗೆ ಬಾರದೆ ಒಬ್ಬ ರೋಗಿಯನ್ನಾದರೂ ಕಂಡು ಬರುವುದು ಒಳ್ಳೆಯ ಪದ್ಧತಿಗಳೇ. ಮುಂಜಾನೆ ವೇದವಾಕ್ಯಗಳನ್ನು ಹೂವಿನ ಚಿತ್ರದೊಡನೆ ಮೊಬೈಲಿನಲ್ಲಿ ನೂರು ಮಂದಿಗೆ ರವಾನಿಸುವ ಹೊಸ ಪದ್ಧತಿಯ ವಿಷಯದಲ್ಲಿ ನಮಗೆ ಅಷ್ಟು ಆದರವಿಲ್ಲ. ಕಳುಹಿಸಿದವರೂ ಓದಿರುವುದಿಲ್ಲವೆಂಬುದು ನಮ್ಮ ಸಂಶಯ. ಶುಭ ಶುಕ್ರವಾರದ ಮಧ್ಯಾಹ್ನ ನಮ್ಮ ಮನೆಯಲ್ಲಿ ಮಾತ್ರ ಇರುವ ಒಂದು ಕ್ರಮವನ್ನು ಈ ಪತ್ರಿಕೆಯಲ್ಲಿ ಹೇಳದಿರಲಾರೆವು. ಆ ದಿನ ದೇವಾಲಯದಿಂದ ಬಂದು, ಮಂಜೇಶ್ವರದ ಗೋವಿಂದ ಪೈಗಳ ‘ಗೊಲ್ಗೊಥಾ’ದ ಕೆಲವು ಭಾಗಗಳನ್ನು ಗಟ್ಟಿಯಾಗಿ ಓದುತ್ತೇವೆ. ಯೇಸುವಿನ ಕಡೆಯ ದಿನವನ್ನು ಕುರಿತು ನಮ್ಮ ನೆರೆಯೂರಿನ ಕ್ರೈಸ್ತೇತರ ಕವಿಯೊಬ್ಬರು ಅಷ್ಟು ಭಕ್ತಿಯಿಂದ ಕಾವ್ಯ ಬರೆದರೆಂಬುದು ನಮ್ಮ ಮಕ್ಕಳಿಗೆ ತಿಳಿದಿರಬೇಕಾದ ಸಂಗತಿ.

ಈಗ ನಮ್ಮ ಮನಸ್ಸನ್ನು ಕೆಲವು ಕಾಲದಿಂದ ಕಾಡುತ್ತಿರುವ ವಿಷಯಕ್ಕೆ ಬರುತ್ತೇವೆ. 1956ನೆಯ ನವೆಂಬರ್ 1ರಂದು ನಮ್ಮ ತಾಲೂಕು ಕೇರಳಕ್ಕೆ ಸೇರಿದ ಮೇಲೆ ಭಾಷೆಯ ವಿಚಾರವಾಗಿ ಇಲ್ಲಿ ನಡೆದ ಸಭೆ, ಮನವಿಗಳೆಲ್ಲ ಓದುಗರಿಗೆ ತಿಳಿದವೇ. ಪ್ರಾರ್ಥನೆಯ ಚಾಪೆಯವರೆಗೆ ಆ ಪ್ರಶ್ನೆ ಬರುವುದೆಂದು ನಾವು ಭಾವಿಸಿರಲಿಲ್ಲ. ನಮ್ಮ ಸೊಸೆಯು ಕಣ್ಣೂರಿನ ಕಡೆಯವಳು. ಅವಳ ಮನೆಯವರೂ ಬಾಸೆಲ್ ಮಿಶನ್ನಿನ ಸಭೆಗೆ ಸೇರಿದವರೇ. ಕನ್ನಡಕ್ಕೆ 1894ರಲ್ಲಿ ನಿಘಂಟನ್ನು ಕೊಟ್ಟ ಕಿಟ್ಟೆಲರೂ, ಮಲಯಾಳಕ್ಕೆ 1872ರಲ್ಲಿ ನಿಘಂಟನ್ನು ಕೊಟ್ಟ ಗುಂಡರ್ಟರೂ ದುಡಿದ ಮಿಶನ್ ಒಂದೇ; ಆದಕಾರಣ ಗುಂಡರ್ಟರ ಮನೆಯಿಂದ ಕಿಟ್ಟೆಲರ ಮನೆಗೆ ಹೆಣ್ಣು ತಂದೆವೆಂದು ಮದುವೆಯ ದಿನ ನಾವೇ ವಿನೋದವಾಗಿ ಹೇಳಿದ್ದೆವು. ಮೊಮ್ಮಗಳು ಇಂಗ್ಲಿಷ್ ಮಾಧ್ಯಮದಲ್ಲಿ ಓದುತ್ತಾಳೆ, ಜೊತೆಗೆ ಮಲಯಾಳವನ್ನು ಕಲಿಯುತ್ತಾಳೆ. ಕನ್ನಡವನ್ನು ಮಾತನಾಡಬಲ್ಲಳು, ಓದಲಾರಳು. ಒಂದು ಸಂಜೆ ಸೊಸೆಯು ತಗ್ಗಿದ ದನಿಯಲ್ಲಿ, “ಮಾವ, ಅವಳು ತಾನೇ ಓದಿದರೆ ಅವಳ ಮನಸ್ಸಿನಲ್ಲಿ ನಿಂತೀತು. ಮಲಯಾಳದಲ್ಲಿ ಓದಿದರಾಗದೇ?” ಎಂದು ಕೇಳಿದಳು.

ಅದರಲ್ಲಿ ತಪ್ಪು ಹುಡುಕುವಂತಿಲ್ಲ. ಪಂಚಾಶತ್ತಮ ದಿನದಲ್ಲಿ ಪ್ರತಿಯೊಬ್ಬನೂ ತನ್ನ ತನ್ನ ಭಾಷೆಯಲ್ಲಿ ದೇವರ ಮಹತ್ಕಾರ್ಯಗಳನ್ನು ಕೇಳಿದನೆಂಬುದು ಅಪೊಸ್ತಲರ ಕೃತ್ಯಗಳ ಎರಡನೆಯ ಅಧ್ಯಾಯದಲ್ಲಿಯೇ ಇದೆ. ವಿಶ್ವಾಸಕ್ಕೆ ಕನ್ನಡವೇ ಬೇಕೆಂದು ಹೇಳಿದರೆ ಅದು ಭಾಷಾಭಿಮಾನವಾದೀತೇ ಹೊರತು ಭಕ್ತಿಯಾಗದು. ಹೀಗಿದ್ದರೂ ನಮ್ಮ ತಾಯಿಯವರ ಕಡೆಯ ದಿನಗಳನ್ನು ಮರೆಯಲಾರೆವು. ಅವರಿಗೆ ಜ್ಞಾಪಕಶಕ್ತಿ ಮೊದಲು ನಿನ್ನೆಯನ್ನು ಬಿಟ್ಟಿತು, ಬಳಿಕ ಹೆಸರುಗಳನ್ನು ಬಿಟ್ಟಿತು, ಕೊನೆಗೆ ನಮ್ಮ ಮುಖವನ್ನೂ ಬಿಟ್ಟಿತು. ಸಂಜೆ ಗೀತವನ್ನು ಎತ್ತಿದೊಡನೆ ತುಟಿಗಳು ಅಲುಗುತ್ತಿದ್ದವು. ಕರ್ತನ ಪ್ರಾರ್ಥನೆಯನ್ನು ಒಂದು ಮಾತೂ ತಪ್ಪದೆ, ಬಾಲ್ಯದಲ್ಲಿ ಕಲಿತ ರಾಗದಲ್ಲಿಯೇ, ಕೊನೆಯವರೆಗೂ ಹೇಳುತ್ತಿದ್ದರು. ನಾವು ಯಾರೆಂದು ಅರಿಯದವರು ಯಾರೊಡನೆ ಮಾತನಾಡುತ್ತಿರುವೆನೆಂಬುದನ್ನು ಮಾತ್ರ ಅರಿತಿದ್ದರು. ಎಂಬತ್ತು ವರುಷ ದಿನವೂ ಹೇಳಿದ ಮಾತು ಬುದ್ಧಿಯ ಕೆಳಗೆಲ್ಲೋ ಇಳಿದು ಬೇರೂರಿತ್ತು. ಮೊಮ್ಮಗಳಿಗೆ ಹಾಗೆ ಬೇರೂರಬೇಕಾದ ಮಾತು ಯಾವ ಭಾಷೆಯದಾಗಬೇಕು? ತಾಯಿಯ ಮಡಿಲಿನಲ್ಲಿ ಕೇಳಿದ್ದೋ, ಚಾವಡಿಯಲ್ಲಿ ಕೇಳಿದ್ದೋ?

ಬಹಳ ದಿನ ವಿಚಾರಿಸಿ ಒಂದು ಏರ್ಪಾಡಿಗೆ ಬಂದೆವು. ಒಂದು ಸಂಜೆ ಮಲಯಾಳದ ಪಾಠ, ಮರುಸಂಜೆ ಕನ್ನಡದ ಪಾಠ. ಕರ್ತನ ಪ್ರಾರ್ಥನೆಯನ್ನು ಸೊಸೆಯು ತನ್ನ ಭಾಷೆಯಲ್ಲಿ, ನಾವು ನಮ್ಮದರಲ್ಲಿ ಹೇಳುತ್ತೇವೆ. ದನಿಗಳು ಅಲ್ಲಲ್ಲಿ ತೊಡಕಿಕೊಂಡರೂ ‘ಆಮೆನ್’ ಎಂಬಲ್ಲಿ ಎಲ್ಲರೂ ಕೂಡುತ್ತೇವೆ. ಮೊಮ್ಮಗಳು ಎರಡನ್ನೂ ಬಲ್ಲಳು. ಯಾವ ದಿನ ಯಾರ ಪಕ್ಕದಲ್ಲಿ ಕುಳಿತಿರುವಳೋ ಆ ದಿನ ಅವರ ಭಾಷೆ. ಕನ್ನಡದ ಸರದಿಗೆ ಮಾರ್ಕನ ಸುವಾರ್ತೆಯನ್ನು ಆರಿಸಿದೆವು. ನಾಲ್ಕು ಸುವಾರ್ತೆಗಳಲ್ಲಿ ಅದು ಚಿಕ್ಕದು, 16 ಅಧ್ಯಾಯಗಳು, ಮಾತಿನ ಓಟವೂ ಚುರುಕು. ಅಕ್ಷರಮಾಲೆಯಿಂದ ಮೊದಲುಗೊಂಡು ದಿನಕ್ಕೆ ಆರು ವಚನಗಳಂತೆ ಬೆರಳಿಟ್ಟು ಓದಿಸುತ್ತಿದ್ದೇವೆ. “ಅಜ್ಜಾ, ಇದು ಥವೋ ಧವೋ?” ಎಂಬಲ್ಲಿ ದಿನವೂ ನಿಲ್ಲುತ್ತದೆ.

ಮೊನ್ನೆ ಐದನೆಯ ಅಧ್ಯಾಯದ ಕೊನೆಗೆ ಬಂದೆವು. ಯಾಯಿರನೆಂಬವನ ಹನ್ನೆರಡು ವರುಷದ ಮಗಳು ಸತ್ತಳೆಂದು ಎಲ್ಲರೂ ಗೋಳಾಡುತ್ತಿರಲು, ಯೇಸು ಅವಳ ಕೈಹಿಡಿದು ‘ತಲಿಥಾ ಕೂಮ್’ ಎಂದು ಕರೆದ ಪ್ರಸಂಗ. ಆ ಎರಡು ಮಾತುಗಳು ಕನ್ನಡವಲ್ಲವೆಂದು ಅವಳೇ ಕಂಡುಹಿಡಿದಳು. ಅದು ಅರಾಮಿಕ್, ಯೇಸುವಿನ ಮನೆಮಾತು. ಮಾರ್ಕನು ಗ್ರೀಕಿನಲ್ಲಿ ಬರೆದನಾದರೂ ಈ ಮಾತನ್ನು ಕೇಳಿದಂತೆಯೇ ಉಳಿಸಿಕೊಂಡನು ಎಂದು ವಿವರಿಸಿದೆವು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ಉಳಿದ ವಚನವನ್ನು ಅಕ್ಷರ ಅಕ್ಷರ ಕೂಡಿಸಿ ಓದಿ ಮುಗಿಸಿದಳು. ಎದ್ದ ಹುಡುಗಿಗೆ ತಿನ್ನಲು ಏನಾದರೂ ಕೊಡಿರೆಂದು ಯೇಸು ಹೇಳಿದನೆಂದು ಅಲ್ಲಿದೆ.

“ಅಜ್ಜೀ, ಏನು ಕೊಟ್ಟಿರಬಹುದು?”

“ಕಾಯಿಲೆಯಿಂದ ಎದ್ದವರಿಗೆ ಇನ್ನೇನು ಕೊಡುತ್ತಾರೆ? ಗಂಜಿ,” ಎಂದಳು ನಮ್ಮ ಮನೆಯಾಕೆ.

ಅಂದು ಪ್ರಾರ್ಥನೆ ಏಳು ನಿಮಿಷವನ್ನು ಮೀರಿ ಕಾಲು ಗಂಟೆಯಾಯಿತು. ಆರನೆಯ ಅಧ್ಯಾಯವನ್ನು ಇನ್ನೂ ತೊಡಗಬೇಕಾಗಿದೆ.